‘ಪ್ರೆಟ್ಟಿ ಬ್ಯಾಡ್’ನಲ್ಲಿ ಚಂದ ಹುಡುಕಬೇಡಿ ಮಾರಾಯ್ರೆ!

ನಮಸ್ಕಾರ ಶಿವಮೊಗ್ಗ! ಕಳೆದ ವಿಡಿಯೋಗೆ ಒಂದು ಕಮೆಂಟ್ ಬಂದಿದೆ: “ಪ್ರೆಟ್ಟಿ ಅಂದ್ರೆ ಚಂದ. ಪ್ರೆಟ್ಟಿ ಬ್ಯಾಡ್ ಹೆಂಗಾಗತ್ತೆ? ಡಿಕ್ಷನರಿ ನೋಡಿ ಸರ್.”

ನೋಡಿ ಆಯ್ತು ಸ್ವಾಮಿ. ನೀವು ಮೊದಲನೇ ಅರ್ಥಕ್ಕೇ ಪುಸ್ತಕ ಮುಚ್ಚಿದೀರಿ. ಕ್ರಿಯಾವಿಶೇಷಣ ಅಂತ ಇನ್ನೊಂದಿದೆ ಅಲ್ಲೇ: ‘ಸಾಕಷ್ಟು’. ಪ್ರೆಟ್ಟಿ ಬ್ಯಾಡ್ ಅಂದ್ರೆ ಸಾಕಷ್ಟು ಕೆಟ್ಟದು.

ನಾನು ಹೇಳೋದು ಇಷ್ಟೇ. ಪಕ್ಕದ ಪದ ನೋಡಿ!

ಕೊಟ್ಟೆ ಕಡುಬು ತಿಂದು ‘ಭಯಂಕರ ರುಚಿ’ ಅಂತೀರಲ್ಲ, ಹೆದರಿ ಎದ್ದು ಓಡಿದ್ರಾ? ಇನ್ನೆರಡು ಹಾಕಿಸ್ಕೊಂಡ್ರಿ. ‘ಟೆರಿಬ್ಲಿ ನೈಸ್’ ಅದೇ ಜಾತಿದು. ಲಿವರ್‌ಪೂಲ್ ಕಡೆ ‘ಡೆಡ್ ಗುಡ್’ ಅಂದ್ರೆ ಯಾರೂ ಸತ್ತಿಲ್ಲ, ತುಂಬಾ ಚೆನ್ನಾಗಿದೆ ಅಂತ. ಬಾಸ್ಟನ್‌ನವರು ‘ವಿಕೆಡ್ ಕೋಲ್ಡ್’ ಅಂದ್ರೆ ಚಳಿಗೆ ದುಷ್ಟಬುದ್ಧಿ ಬಂದಿಲ್ಲ, ಸಖತ್ ಚಳಿ ಅಷ್ಟೆ.

ಜೋಡಿನೂ ಕೂಡಬೇಕು. ಕಡುಬಡವ ಅಂತೀವಿ, ಕಡುಶ್ರೀಮಂತ ಅಂತೀವಾ? ಅವನು ಆಗರ್ಭ ಶ್ರೀಮಂತ! ಹಂಗೇ ‘ಟಯರ್ಡ್’ಗೆ ‘ವೆರಿ’ ಸಾಕು. ‘ಎಕ್ಸಾಸ್ಟೆಡ್’ ಅಂದ್ರೆ ಪೂರ್ತಿ ಸುಸ್ತು, ಆಗ್ಲೇ ತುತ್ತತುದೀಲಿದೆ, ಅದಕ್ಕೆ ‘ಆಬ್ಸಲ್ಯೂಟ್ಲಿ’ ಬೇಕು. ಆಗುಂಬೆ ಮಳೇಲಿ ನೆಂದವನು ‘ವೆರಿ ವೆಟ್’, ಇಲ್ಲಾ ‘ಆಬ್ಸಲ್ಯೂಟ್ಲಿ ಸೋಕ್ಡ್’, ಅಂದ್ರೆ ಪೂರ್ತಿ ತೊಯ್ದು ತೊಪ್ಪೆ. ಕತ್ತಲೆಗೆ ‘ಪಿಚ್ ಡಾರ್ಕ್’, ನಮ್ಮ ಕಗ್ಗತ್ತಲೆ.

‘ಕ್ವೈಟ್’ ಇನ್ನೂ ಕಳ್ಳ. ‘ಕ್ವೈಟ್ ಗುಡ್’ ಅಂತ ಅಮೆರಿಕದವರು ಅಂದ್ರೆ ಚೆನ್ನಾಗೇ ಇದೆ ಅಂತ. ಲಂಡನ್ ಬಾಸ್ ಅಂದ್ರೆ ಬಹಳ ಸಲ ‘ಪರವಾಗಿಲ್ಲ’ ಅಂತ, ಸ್ವೀಟ್ ಹಂಚಕ್ಕೆ ಹೋಗಬೇಡಿ. ಅದೇ ಬಾಸ್ ‘ಕ್ವೈಟ್ ಇಂಪಾಸಿಬಲ್’ ಅಂದ್ರೆ? ಸುತಾರಾಂ ಆಗಲ್ಲ! ಯಾಕೆ ಬದಲಾಯ್ತು? ಪಕ್ಕದ ಪದ, ಮಾರಾಯ್ರೆ!

ಹೋಮ್‌ಸ್ಟೇಯವರೇ, ಇದು ನಿಮಗೆ. ಫಾರಿನ್ ಗೆಸ್ಟು ‘ಟೂ ಸ್ಪೈಸಿ’ ಅಂದ್ರೆ ಹೊಗಳಿಕೆ ಅಲ್ಲ. ‘ವೆರಿ’ ಅಂದ್ರೆ ತುಂಬಾ, ‘ಟೂ’ ಅಂದ್ರೆ ಅತಿಯಾಯ್ತು, ತಿನ್ನಕ್ಕಾಗ್ತಿಲ್ಲ. ಆಗ ಅಪ್ಪೆಮಿಡಿ ಇನ್ನೊಂದು ಬಡಿಸಬೇಡಿ, ಮಜ್ಜಿಗೆ ಕೊಡಿ!

“ಇದೆಲ್ಲ ಬೀದಿ ಇಂಗ್ಲಿಷು” ಅಂತ ಮೇಷ್ಟ್ರುಗಳು ಮೂಗು ಮುರೀತಾರೆ. ನಿಮ್ಮ ಮಡಿ ‘ವೆರಿ’ ಹುಟ್ಟಿದ್ದು ‘ನಿಜವಾದ’ ಅನ್ನೋ ಅರ್ಥದಲ್ಲಿ, ಫ್ರೆಂಚಿನಿಂದ ಬಂದಿದ್ದು. ಅದೂ ಜನರ ಬಾಯಲ್ಲಿ ಸವೆದೇ ‘ತುಂಬಾ’ ಆಯ್ತು. ಅದಕ್ಕೆ ಮಾತ್ರ ಪೂಜೆನಾ? ಹಾಂ, ‘ಬ್ಲಡಿ ಗುಡ್’ ಅಂತ ಇಂಟರ್ವ್ಯೂನಲ್ಲಿ ಅನ್ನಬೇಡಿ, ಅದು ಸ್ನೇಹಿತರ ಜೊತೆಗೆ.

ಇನ್ನೂ ಸಬ್‌ಸ್ಕ್ರೈಬ್ ಆಗಿಲ್ವಾ? ದಟ್ಸ್ ಪ್ರೆಟ್ಟಿ ಬ್ಯಾಡ್! ಯಾಕೆ ಅಂತ ಕೇಳಬೇಡಿ. ಪಕ್ಕದ ಪದ! ಪಕ್ಕದ ಪದ! ಮತ್ತೆ ‘ಪ್ರೆಟ್ಟಿ ಅಂದ್ರೆ ಚಂದ’ ಅಂತ ಕಮೆಂಟ್ ಹಾಕಿ ನೋಡೋಣ, ಪಿನ್ ಮಾಡಿಡ್ತೀನಿ, ಊರೆಲ್ಲ ಓದ್ಲಿ.