ದೂರು ಹೇಳದವರ ಕಣ್ಣು

ಎಲ್ಲರಿಗೂ ನಮಸ್ಕಾರ, ತಾಶಿ ದೆಲೆಕ್.

ನನಗೆ ಕೊಟ್ಟದ್ದು ನಲವತ್ತು ನಿಮಿಷ. ಖತಾ ಅನ್ನುವ ಗೌರವದ ಶಾಲು, ಹಾರ, ಸ್ವಾಗತ ಭಾಷಣ ಎಲ್ಲ ಸೇರಿ ಅದರಲ್ಲಿ ಒಂದಷ್ಟನ್ನು ಆಗಲೇ ನುಂಗಿವೆ. ಮುಂಡಗೋಡದ ಕತೆಯನ್ನು ಈ ಸಭೆಗೆ ಹೇಳಬೇಕಾಗಿಲ್ಲ. 1966ರಲ್ಲಿ ಇಲ್ಲಿ ಟಿಬೆಟನ್ ಕಾಲೋನಿ ಶುರುವಾದದ್ದು, ಗಾಂದೆನ್, ಡ್ರೆಪುಂಗ್ ಮಠಗಳು ಈ ಕಾಡಿನಂಚಿನಲ್ಲಿ ಮತ್ತೆ ಎದ್ದು ನಿಂತದ್ದು ಎಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಾಳೆ ಬೆಳಿಗ್ಗೆ ಕಣ್ಣಿನ ಶಿಬಿರ ಇದೆ, ಅದಕ್ಕೇ ಬರುತ್ತೇನೆ.

ಮಠದೊಳಗೆ ಕಣ್ಣಿನ ರೋಗವನ್ನು ಇಬ್ಬರು ಮುಚ್ಚಿಡುತ್ತಾರೆ. ಒಬ್ಬರ ಹೆಸರು ತಾಳ್ಮೆ, ಇನ್ನೊಬ್ಬರ ಹೆಸರು ನೆನಪು. ಎರಡೂ ಸನ್ಯಾಸಿಯ ದೊಡ್ಡ ಗುಣಗಳೇ. ನೇತ್ರವೈದ್ಯನಿಗೆ ಮಾತ್ರ ಎರಡೂ ಶತ್ರುಗಳು.

ತಾಳ್ಮೆಯ ಕತೆ ಮೊದಲು. ಧಮ್ಮಪದದ ಮೊದಲನೇ ಗಾಥೆಗೆ ಅಟ್ಠಕಥೆಯಲ್ಲಿ, ಅಂದರೆ ಹಳೆಯ ವ್ಯಾಖ್ಯಾನದಲ್ಲಿ, ಚಕ್ಖುಪಾಲ ಥೇರನ ಕತೆ ಬರುತ್ತದೆ. ಮುಂದಿನ ಸಾಲಿನಲ್ಲಿರುವ ಗೆಶೆಗಳು, ಮಠದ ಪಂಡಿತರು, ನಗುತ್ತಿದ್ದಾರೆ, ನಾನು ಎಲ್ಲಿ ಹೋದರೂ ಇದನ್ನೇ ಹೇಳುತ್ತೇನೆ ಅಂತ ಅವರಿಗೆ ಗೊತ್ತು. ಹುಡುಗರು ಕೇಳಿರಲಿಕ್ಕಿಲ್ಲ, ಅವರಿಗಾಗಿ ಇನ್ನೊಂದು ಸಲ. ಮಳೆಗಾಲದ ಮೂರು ತಿಂಗಳು ನಾನು ಮಲಗುವುದಿಲ್ಲ, ನಿಲ್ಲುತ್ತೇನೆ, ನಡೆಯುತ್ತೇನೆ, ಕೂರುತ್ತೇನೆ, ಅಷ್ಟೇ ಅಂತ ಈ ಹಿರಿಯ ಭಿಕ್ಷು ವ್ರತ ತೊಟ್ಟ. ಒಂದು ತಿಂಗಳು ಕಳೆಯುವಷ್ಟರಲ್ಲಿ ಕಣ್ಣಲ್ಲಿ ನೀರು ಸುರಿಯತೊಡಗಿತು. ವೈದ್ಯ ಎಣ್ಣೆ ಕಾಯಿಸಿ ಕಳಿಸಿದ, ಮೂಗಿಗೆ ಬಿಟ್ಟುಕೊಳ್ಳಬೇಕು. ಮಲಗಿ ಬಿಟ್ಟುಕೊಳ್ಳಬೇಕಾದದ್ದನ್ನು ಈತ ಕೂತೇ ಬಿಟ್ಟುಕೊಂಡ. ಗುಣವಾಗಲಿಲ್ಲ. ಕೂತು ಹಾಕಿಕೊಂಡಿರೋ, ಮಲಗಿ ಹಾಕಿಕೊಂಡಿರೋ ಅಂತ ವೈದ್ಯ ಕೇಳಿದರೆ ಥೇರ ಸುಮ್ಮನೆ. ಮತ್ತೆ ಕೇಳಿದರೂ ಸುಮ್ಮನೆ.

ಆಗ ವೈದ್ಯ ಏನು ಮಾಡಿದ ಗೊತ್ತೇ? ಎದ್ದು ಥೇರನ ಕುಟಿಗೇ ಹೋದ. ಒಳಗೆ ನೋಡಿದರೆ ಅಡ್ಡಾಡುವುದಕ್ಕೆ ಜಾಗ ಇದೆ, ಕೂರುವುದಕ್ಕೆ ಜಾಗ ಇದೆ, ಹಾಸಿಗೆಯೇ ಇಲ್ಲ! ರೋಗಿ ಬಾಯಿ ಬಿಡದೆ ಉಳಿಸಿಕೊಂಡದ್ದನ್ನು ಕೋಣೆ ಹೇಳಿಬಿಟ್ಟಿತು. ಮಲಗಿ ಹಾಕಿಕೊಳ್ಳಿ ಅಂತ ಆತ ಎಷ್ಟು ಕೇಳಿಕೊಂಡರೂ ಥೇರ ಒಪ್ಪಲಿಲ್ಲ. ಕೊನೆಗೆ ವೈದ್ಯ ಕೈಮುಗಿದ: ನಾನು ನಿಮಗೆ ಮದ್ದು ಕೊಟ್ಟೆ ಅಂತ ನೀವು ಎಲ್ಲೂ ಹೇಳಬೇಡಿ, ನಾನೂ ಹೇಳುವುದಿಲ್ಲ. ನಾವು ಇವತ್ತು ಆಸ್ಪತ್ರೆಯಲ್ಲಿ ನಾಲ್ಕು ಹಾಳೆಗೆ ಸಹಿ ಹಾಕಿಸಿಕೊಂಡು ಮಾಡುವ ಕೆಲಸವನ್ನು ಆತ ಒಂದೇ ಮಾತಿನಲ್ಲಿ ಮುಗಿಸಿದ.

ಥೇರನ ಕಣ್ಣೂ ಹೋಯಿತು, ಅದೇ ಗಳಿಗೆಗೆ ಅರ್ಹಂತ ಪದವಿಯೂ ಬಂತು ಅನ್ನುತ್ತದೆ ಕತೆ. ಇದರ ತಾತ್ಪರ್ಯ ಹೇಳುವುದು ಗೆಶೆಗಳ ಕೆಲಸ, ನಾನು ಆ ಕಡೆ ಹೋಗುವುದಿಲ್ಲ. ನನ್ನ ಗುರು ಆ ವೈದ್ಯ. ಕೋಣೆಗೆ ಹೋಗಿ ನೋಡಿದನಲ್ಲ, ಅದಕ್ಕೆ. ಅಂದಹಾಗೆ ಥೇರನ ಕಣ್ಣು ಯಾಕೆ ಹೋಯಿತು ಅನ್ನುವುದಕ್ಕೆ ಹಿಂದಿನ ಜನ್ಮದ ಕಾರಣವನ್ನೂ ಕೊಟ್ಟಿದ್ದಾರೆ. ಆ ಜನ್ಮದಲ್ಲಿ ಆತನೇ ಕಣ್ಣಿನ ವೈದ್ಯ. ಕೊಟ್ಟ ಮಾತಿನಿಂದ ತಪ್ಪಿಸಿಕೊಳ್ಳಲು ವಾಸಿಯಾಗಿಲ್ಲ ಅಂತ ಸುಳ್ಳು ಹೇಳಿದ ಹೆಂಗಸಿಗೆ ಕುರುಡಾಗುವ ಅಂಜನ ಹಚ್ಚಿದ್ದ. ಫೀಸು ಬಾಕಿ ಉಳಿಸಿಕೊಂಡವರ ಮೇಲೆ ಸಿಟ್ಟಾಗುವ ಡಾಕ್ಟರುಗಳು ಇದನ್ನು ಬರೆದಿಟ್ಟುಕೊಳ್ಳಬೇಕು.

ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯದಲ್ಲಿ ಕಣ್ಣಿಗೆ ಮದ್ದು ಬೇಡ ಅಂದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕಣ್ಣಿನ ರೋಗ ಬಂದ ಭಿಕ್ಷುವಿಗೆ ಬುದ್ಧನೇ ಅಂಜನಗಳನ್ನು ಅನುಮತಿಸಿದ್ದು ಅದರ ಮಹಾವಗ್ಗ ಭಾಗದಲ್ಲಿದೆ. ನಾಳೆ ಯಾರಾದರೂ ಹನಿ ಬೇಡ ಅಂದರೆ ಇದನ್ನು ನೆನಪಿಸಿ.

ಈಗ ನೆನಪಿನ ಕತೆ. ಹೆಸರು ಬೇಡ, ಒಬ್ಬ ವಯಸ್ಸಾದ ಗುರು, ಟಿಬೆಟನ್ನಿನಲ್ಲಿ ಗೆನ್‌ಲಾ. ಹತ್ತಿರದ ದೃಷ್ಟಿ ಪರೀಕ್ಷೆಗೆ ಕರೆದರೆ, ನನಗೇನೂ ತೊಂದರೆ ಇಲ್ಲ, ದಿನಾ ಬಿಡಿ ಹಾಳೆಯ ಪೇಚಾ ಗ್ರಂಥ ಓದುತ್ತೇನೆ ಅಂದರು. ಓದಿ ತೋರಿಸಿ ಅಂದೆವು. ಸಹಾಯಕ್ಕಿದ್ದ ಪುಟ್ಟ ಭಿಕ್ಷು ಹತ್ತಿರ ಇದ್ದ ಕಟ್ಟಿನಿಂದ ಒಂದು ಹಾಳೆ ತೆಗೆದು ಕೈಗಿಟ್ಟ. ಗೆನ್‌ಲಾ ಅಡೆತಡೆಯಿಲ್ಲದೆ ಸುರುಮಾಡಿದರು. ಹುಡುಗನ ಮುಖ ಕೆಂಪಾಯಿತು, ಆಮೇಲೆ ತಡೆಯಲಾರದೆ ನಕ್ಕುಬಿಟ್ಟ. ಕೈಯಲ್ಲಿದ್ದದ್ದು ಒಂದು ಗ್ರಂಥ, ಬಾಯಲ್ಲಿ ಬರುತ್ತಿದ್ದದ್ದು ಇನ್ನೊಂದು! ವಿಷಯ ತಿಳಿದ ಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕದ್ದು ಗೆನ್‌ಲಾ. ಟಾರ್ಚ್ ಹಾಕಿದರೆ ಎರಡೂ ಕಣ್ಣಲ್ಲಿ ಬೆಳ್ಳಗೆ ಬಲಿತ ಪೊರೆ. ಆಪರೇಷನ್ ಆಗಿ ಕನ್ನಡಕ ಹಾಕಿಕೊಂಡ ಮೇಲೆ ಅವರು ಹೇಳಿದ ಮೊದಲ ಮಾತು, "ಈ ಅಚ್ಚಿನಲ್ಲಿ ಎರಡು ಕಡೆ ತಪ್ಪಿದೆ."

ಎಂಟು ಹತ್ತು ವರ್ಷಕ್ಕೇ ಕಂಠಪಾಠ ಶುರುಮಾಡಿದವರು ಇವರು. ನೂರಾರು ಹಾಳೆ ಬಾಯಲ್ಲಿ ಇದ್ದರೆ ಓದುವುದಕ್ಕೆ ಕಣ್ಣು ಬೇಕೇ ಆಗುವುದಿಲ್ಲ. ಹೊರಗಿನ ಜಗತ್ತಿನಲ್ಲಿ ಗುಮಾಸ್ತನಿಗೆ, ದರ್ಜಿಗೆ ಚಾಳೀಸು ಬಂದ ವರ್ಷವೇ ಗೊತ್ತಾಗುತ್ತದೆ, ಸೂಜಿಗೆ ದಾರ ಪೋಣಿಸಲಾಗದು. ಪೂಜೆಯಲ್ಲಿ ಪಠಣ ನಡೆಸುವ ಉಮ್ಜೆಗೆ ಗೊತ್ತಾಗುವುದೇ ಇಲ್ಲ. ಅದಕ್ಕೇ ನಾಳೆ ಯಾರ ಕೈಗೂ ಅವರು ಬಲ್ಲ ಗ್ರಂಥ ಕೊಟ್ಟು ಓದಿಸಬೇಡಿ. ದಿಕ್ಕು ತೋರಿಸುವ ಇ ಚಾರ್ಟನ್ನೇ ಬಳಸಿ, ದೂರಕ್ಕೂ ಹತ್ತಿರಕ್ಕೂ. ಒಂದು ಕಣ್ಣು ಮುಚ್ಚಿಸಿದಾಗ ಬೆರಳ ಸಂದಿಯಿಂದ ಇಣುಕುತ್ತಾರೆ, ಅದರಲ್ಲಿ ಭಿಕ್ಷುಗಳಿಗೂ ಶಾಲೆ ಮಕ್ಕಳಿಗೂ ವ್ಯತ್ಯಾಸ ಇಲ್ಲ. ಸಣ್ಣ ತೂತಿರುವ ಸೂಜಿರಂಧ್ರದ ಫಲಕದಲ್ಲಿ ನೋಡಿಸಿದಾಗ ಸಾಲುಗಳು ಚೆನ್ನಾಗಿ ಕಂಡರೆ ಬಹುಪಾಲು ಕನ್ನಡಕದ ಕೇಸು. ಅದರಲ್ಲೂ ಕಾಣದಿದ್ದರೆ ನನ್ನ ಟೇಬಲ್ಲಿಗೆ ಕಳಿಸಿ.

ನಮ್ಮ ಕಡೆ ಕಣ್ಣಿನ ಶಿಬಿರ ಅಂದರೆ ಡಾ. ಎಂ.ಸಿ. ಮೋದಿಯವರ ಹೆಸರು ಬರಲೇಬೇಕು. ಬೀಳಗಿಯವರು, ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ ದಾಖಲೆ ಅವರದು. ಹಳ್ಳಿಗೆ ಹೋಗಬೇಕು ಅನ್ನುವುದನ್ನು ನಾವೆಲ್ಲ ಅವರಿಂದ ಕಲಿತದ್ದು. ಆ ಕಾಲದಲ್ಲಿ ಶಿಬಿರಕ್ಕೆ ಬರುತ್ತಿದ್ದವರಿಗೆ ತಮಗೆ ಕಾಣುವುದಿಲ್ಲ ಅಂತ ಗೊತ್ತಿರುತ್ತಿತ್ತು, ಮಕ್ಕಳು ಕೈಹಿಡಿದು ಕರೆತರುತ್ತಿದ್ದರು. ಈಗ ನಾವು ಹುಡುಕಬೇಕಾಗಿರುವುದು ಚೆನ್ನಾಗಿ ಕಾಣುತ್ತಿರುವವರನ್ನು. ಸಕ್ಕರೆ ಕಾಯಿಲೆ ಕಣ್ಣಿನ ಹಿಂಭಾಗದ ಪರದೆಯಾದ ಅಕ್ಷಿಪಟಲದ ರಕ್ತನಾಳಗಳನ್ನು ಹಾಳುಮಾಡುವಾಗ ನೋವಿಲ್ಲ, ಉರಿಯಿಲ್ಲ, ಮಂಜೂ ಇಲ್ಲ. ಕಣ್ಣಿನ ನರವನ್ನು ಹಾಳುಮಾಡುವ ಗ್ಲಾಕೋಮಾ ಸಾಮಾನ್ಯವಾಗಿ ಅಂಚಿನಿಂದ ತಿನ್ನುತ್ತಾ ಬರುತ್ತದೆ, ನಡುವಿನ ನೋಟ ಕೊನೆಯ ತನಕ ಹಾಗೇ ಇರುತ್ತದೆ. ಮಂಜಾಯಿತು ಅಂತ ಅವರೇ ಬಂದ ದಿನ ನಮ್ಮ ಕೈಯಲ್ಲಿ ಸ್ವಲ್ಪವೇ ಉಳಿದಿರುತ್ತದೆ. ದೂರು ಇಲ್ಲದವರ ಕೋಣೆಗೆ ನಾವೇ ಹೋಗಬೇಕು. ಮತ್ತೆ ಅದೇ ವೈದ್ಯ.

ಮಠದಲ್ಲಿ ಶುಗರ್ ಎಲ್ಲಿಂದ ಬಂತು ಅಂತ ಕೇಳುತ್ತಾರೆ. ಬಡಿಸಿದ್ದನ್ನು ಉಣ್ಣುವವರು ಭಿಕ್ಷುಗಳು. ದಾನಿಗಳು ಪುಣ್ಯಕ್ಕೆ ಅಂತ ತರುವುದು ಸಿಹಿ, ಕರಿದದ್ದು, ಬಿಳಿ ಅನ್ನ. ಥಾಯ್ಲೆಂಡಿನಲ್ಲಿ ಭಿಕ್ಷುಗಳಿಗೆ ಮಧ್ಯಾಹ್ನದ ಮೇಲೆ ಗಟ್ಟಿ ಆಹಾರ ಇಲ್ಲ, ಪಾನೀಯ ಕುಡಿಯಬಹುದು, ಹಾಗಾಗಿ ಭಕ್ತರು ಕೊಡುವ ಸಿಹಿ ಬಾಟಲಿಗಳೇ ಸಂಜೆಯ ಆಹಾರವಾಗಿ ಕೂತಿವೆ. ಭಿಕ್ಷುಗಳ ಆರೋಗ್ಯಕ್ಕೇ ಅಂತ ಅಲ್ಲಿ 2017ರಲ್ಲಿ ಒಂದು ರಾಷ್ಟ್ರೀಯ ಸನ್ನದನ್ನೇ ತಂದರು. ಇಲ್ಲಿ ಟೈಪ್ 2 ಶುಗರ್ ಪತ್ತೆಯಾದ ದಿನವೇ ಕಣ್ಣಿನ ಹಿಂಭಾಗ ನೋಡಿಸಬೇಕು, ಆಮೇಲೆ ಪ್ರತಿ ವರ್ಷ. ಬೆಣ್ಣೆ ಚಹಾ ಬಿಡಿ ಅಂತ ನಾನು ಹೇಳುವುದಿಲ್ಲ. ಹೇಳಿದರೂ ಯಾರೂ ಬಿಡುವುದಿಲ್ಲ. ಬಿಪಿ ಇದ್ದವರು ಅದಕ್ಕೆ ಬೀಳುವ ಉಪ್ಪು ಕಡಿಮೆ ಮಾಡಲಿ.

ಚೀಟಿ ಬಂತು. ಹತ್ತು ನಿಮಿಷವಂತೆ.

ಲಡಾಖ್, ಸ್ಪಿತಿಯಂಥ ಎತ್ತರದ ಊರುಗಳಿಂದ ಬಂದವರಲ್ಲಿ ಬಿಸಿಲಿನ ನೇರಳಾತೀತ ಕಿರಣದಿಂದ ಪೊರೆ, ಕಣ್ಣಿನ ಮೇಲೆ ಮಾಂಸ ಬೆಳೆಯುವುದು ಹೆಚ್ಚು, ಆ ಗುಂಪನ್ನು ಬೇರೆಯಾಗಿ ಗುರುತಿಸಿಕೊಳ್ಳಿ. ಹಿಮಾಲಯದ ಹಳ್ಳಿಗಳಲ್ಲಿ ಪೊರೆ ತೆಗೆಯಲು ನೇಪಾಳದ ಡಾ. ಸಂದುಕ್ ರುಯಿತ್ ಮಾಡಿದ ಕೆಲಸ, ಕಾಠ್ಮಂಡುವಿನ ತಿಲಗಂಗಾ ಕಣ್ಣಾಸ್ಪತ್ರೆಯಲ್ಲಿ ಕಣ್ಣೊಳಗೆ ಕೂರಿಸುವ ಅಗ್ಗದ ಲೆನ್ಸ್ ತಯಾರಾದದ್ದು, ಅದೇ ಒಂದು ದಿನದ ಉಪನ್ಯಾಸ. ನೇತ್ರದಾನದ ಬಗ್ಗೆಯೂ ಬರೆದುಕೊಂಡು ಬಂದಿದ್ದೆ. ಶ್ರೀಲಂಕಾದಲ್ಲಿ 1961ರಲ್ಲಿ ಹಡ್ಸನ್ ಸಿಲ್ವಾ ಕಟ್ಟಿದ ಸಂಘ ದೇಶದೇಶಕ್ಕೆ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಕಳಿಸಿತು. ಟಿಬೆಟನ್ ಸಂಪ್ರದಾಯದಲ್ಲಿ ಉಸಿರು ನಿಂತ ಮೇಲೂ ಕೆಲವು ಹೊತ್ತು ದೇಹ ಮುಟ್ಟುವಂತಿಲ್ಲ, ನಮಗೆ ಆರು ಗಂಟೆಯೊಳಗೆ ಕಣ್ಣು ಬೇಕು. ಇದು ಅವಸರದಲ್ಲಿ ಮಾತಾಡುವ ವಿಷಯ ಅಲ್ಲ, ಗೆಶೆಗಳ ಜೊತೆ ಕೂತು ಮಾತಾಡಬೇಕು.

ಅನಿ‌ಲಾಗಳನ್ನು ಅಂದರೆ ಸನ್ಯಾಸಿನಿಯರನ್ನು ಕೊನೆಗೆ ಕರೆಯಬೇಡಿ. ಜಗತ್ತಿನ ಎಲ್ಲ ಕಡೆ ಪೊರೆಯಿಂದ ಕುರುಡಾದವರಲ್ಲಿ ಹೆಂಗಸರೇ ಹೆಚ್ಚು, ಚಿಕಿತ್ಸೆ ತಡವಾಗಿ ಸಿಗುವುದೂ ಅವರಿಗೇ. ಜಂಗ್‌ಚುಬ್ ಛೋಲಿಂಗ್ ಸನ್ಯಾಸಿನಿ ಮಠದ ಸರದಿ ಬೆಳಿಗ್ಗೆಯೇ ಇರಲಿ. ಹೊಲಕ್ಕೆ ಕೂಲಿಗೆ ಬರುವ ಲಂಬಾಣಿ, ಗೌಳಿ, ಸಿದ್ದಿ ಜನ ಗೇಟಿನ ಹೊರಗೇ ನಿಂತು ಹಿಂದಿರುಗುತ್ತಾರೆ. ಒಳಗೆ ಬನ್ನಿ ಅಂತ ಕರೆಯಲು ಅವರ ಮಾತು ಬಲ್ಲ ಆಶಾ ಅಕ್ಕಂದಿರು ಇಬ್ಬರು ಗೇಟಿನಲ್ಲೇ ಇರಬೇಕು. ಪಾಪೆ ಅಗಲಿಸುವ ಹನಿ ಹಾಕಿದ ಮೇಲೆ ಕೆಲವು ತಾಸು ಹತ್ತಿರದ್ದು ಮಸುಕಾಗುತ್ತದೆ, ಸಂಜೆ ಪರೀಕ್ಷೆ ಇರುವ ಹುಡುಗರಿಗೆ ನಾಳೆ ಹಾಕಬೇಡಿ, ನಾಡಿದ್ದು ಕರೆಯಿರಿ. ವಾದಾಂಗಣದಿಂದ ಭಿಕ್ಷುಗಳನ್ನು ಬಿಡುವ ಅಧಿಕಾರ ಮಠದ ಶಿಸ್ತು ನೋಡಿಕೊಳ್ಳುವ ಗೆಕೋ ಅವರದು, ಅವರು ಇಲ್ಲೇ ಇದ್ದಾರೆ. ಗೆಕೋಲಾ, ಮೊದಲ ಸಾಲಿನಲ್ಲಿ ನಾಳೆ ನೀವೇ ಕೂರಬೇಕು. ನೀವು ಕೂತರೆ ಮಿಕ್ಕವರು ತಪ್ಪಿಸಿಕೊಳ್ಳುವುದಿಲ್ಲ.