ನಾರಾದ ಜಿಂಕೆ ತಲೆ ಬಾಗಿಸುವುದು ಯಾಕೆ?

ನಮಸ್ಕಾರ.

ಹೋದ ಜುಲೈಯಲ್ಲಿ ಜಪಾನಿನ ನಾರಾ ಊರಿಗೆ ಹೋಗಿದ್ದೆ. ಅಲ್ಲಿನ ಜಿಂಕೆಗಳ ವಿಡಿಯೋ ನೀವೂ ನೋಡಿರುತ್ತೀರಿ. ಜಿಂಕೆ ಜನರ ಮುಂದೆ ಬಂದು ತಲೆ ಬಾಗಿಸುತ್ತದೆ, ಜನ ಬಿಸ್ಕತ್ತು ಕೊಡುತ್ತಾರೆ. ಎಷ್ಟು ಮರ್ಯಾದೆ ನೋಡಿ ಅಂತ ಕೆಳಗೆ ಒಂದು ಸಾಲು ಬರೆದಿರುತ್ತಾರೆ. ನಾನೂ ಅಂಥದ್ದೇ ಒಂದು ವಿಡಿಯೋ ಮಾಡೋಣ ಅಂತ ಹೋದವನು.

ತೋದಾಯ್‌ಜಿ ದೇವಸ್ಥಾನದ ದೊಡ್ಡ ಮರದ ಬಾಗಿಲ ಹತ್ತಿರ ಒಬ್ಬ ಹುಡುಗ ನಿಂತಿದ್ದ. ಕೈಯಲ್ಲಿ ಬಿಸ್ಕತ್ತು. ಎದುರಿಗೆ ಒಂದು ಹೆಣ್ಣು ಜಿಂಕೆ. ಪಕ್ಕದಲ್ಲಿ ಅವನ ಗೆಳೆಯ ಮೊಬೈಲ್ ಹಿಡಿದಿದ್ದ. ಜಿಂಕೆ ತಲೆ ಬಾಗಿಸಿತು. ಹುಡುಗ ಬಿಸ್ಕತ್ತನ್ನು ತಲೆಯ ಮೇಲಕ್ಕೆ ಎತ್ತಿದ. ಅದು ಮತ್ತೆ ಬಾಗಿಸಿತು. ಅವನು ಕೈ ಇಳಿಸಿ, ಮೂತಿಯ ಹತ್ತಿರ ತಂದು, ಮತ್ತೆ ಎತ್ತಿದ. ನಾನು ಎಣಿಸುತ್ತಾ ನಿಂತೆ. ಏಳು ಸಲ. ಎಂಟನೇ ಸಲ ಅದು ಬಾಗಿಸಲಿಲ್ಲ. ಅವನ ಅಂಗಿಯ ಅಂಚನ್ನು ಹಲ್ಲಲ್ಲಿ ಕಚ್ಚಿ ಎಳೆಯಿತು. ಹುಡುಗ ಗಾಬರಿಯಾಗಿ ಅದರ ಮೂತಿಗೆ ಒಂದು ಏಟು ಕೊಟ್ಟ. ಜಿಂಕೆ ಎರಡು ಹೆಜ್ಜೆ ಹಿಂದೆ ಹೋಗಿ ಸುಮ್ನೆ ನಿಂತುಕೊಂಡಿತು. ಗೆಳೆಯ ನಗುತ್ತಾ ವಿಡಿಯೋ ಮಾಡುತ್ತಲೇ ಇದ್ದ.

ನನಗೆ ಹೊಟ್ಟೆಯಲ್ಲಿ ಏನೋ ಸಂಕಟವಾಯಿತು. ಅದಕ್ಕೇ ಇವತ್ತು ಆ ಮುದ್ದು ಮುದ್ದು ವಿಡಿಯೋ ಹಾಕುತ್ತಿಲ್ಲ. ಬದಲಿಗೆ ಈ ಮಾತು ಹೇಳೋಣ ಅಂತ ಕೂತಿದ್ದೇನೆ. ಆ ಜಿಂಕೆ ನಮಗೆ ನಮಸ್ಕಾರ ಮಾಡುತ್ತಿಲ್ಲ. ಅದು ಕೇಳುತ್ತಿದೆ. ಕೇಳಿದವರನ್ನು ಸತಾಯಿಸಬಾರದು ಅಲ್ವಾ?

ಮೊದಲು ಜಾಗದ ಬಗ್ಗೆ ಸ್ವಲ್ಪ. ಕ್ಯೋಟೋದಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ಹೋದರೆ ನಾರಾ. ನಿಲ್ದಾಣದಿಂದ ಸ್ವಲ್ಪ ನಡೆದರೆ ಪಾರ್ಕು. ಬೇಲಿ ಇಲ್ಲ, ಗೇಟಿಲ್ಲ, ಟಿಕೆಟ್ಟಿಲ್ಲ. ಈ ಪಾರ್ಕು ಶುರುವಾಗಿದ್ದು 1880ರಲ್ಲಿ. ಅದರೊಳಗೆ ದೇವಸ್ಥಾನ, ಮ್ಯೂಸಿಯಂ, ಕೆರೆ, ರಸ್ತೆ, ಬಸ್ಸು ಎಲ್ಲ ಇವೆ. ಇವುಗಳ ಮಧ್ಯೆ 1,300ಕ್ಕೂ ಜಾಸ್ತಿ ಜಿಂಕೆಗಳು ಓಡಾಡುತ್ತವೆ. ಬಿಸಿಲಿಗೆ ಅಂಗಡಿಯ ನೆರಳಲ್ಲಿ ಮಲಗಿರುತ್ತವೆ, ರಸ್ತೆ ದಾಟುತ್ತವೆ.

ಇವು ಸಿಕಾ ಜಿಂಕೆಗಳು. ಶಿಕಾ ಅಂದರೆ ಜಪಾನಿ ಭಾಷೆಯಲ್ಲಿ ಜಿಂಕೆ ಅಂತಲೇ ಅರ್ಥ. ಬೇಸಿಗೆಯಲ್ಲಿ ಮೈಮೇಲೆ ಬಿಳಿ ಚುಕ್ಕೆ ಬರುತ್ತವೆ. ಆಗ ನೋಡಿದರೆ ನಮ್ಮ ಬಂಡೀಪುರದ ಚುಕ್ಕೆ ಜಿಂಕೆಯ ನೆಂಟರ ಹಾಗೆ ಕಾಣುತ್ತವೆ. ಚಳಿಗಾಲಕ್ಕೆ ಚುಕ್ಕೆ ಮಾಯವಾಗಿ ಮೈ ಕಂದು ಬಣ್ಣಕ್ಕೆ ತಿರುಗುತ್ತದೆ. ಮುಖ್ಯವಾದ ವಿಷಯ ಅಂದರೆ, ಇವು ಸಾಕಿದ ಜಿಂಕೆಗಳಲ್ಲ. ಯಾರೂ ಇವುಗಳ ಯಜಮಾನರಲ್ಲ. 1957ರಲ್ಲಿ ಜಪಾನ್ ಸರ್ಕಾರ ಇವುಗಳನ್ನು ದೇಶದ ಸಹಜ ಸಂಪತ್ತು ಎಂದು ಘೋಷಿಸಿತು. ಕಾನೂನಿನ ಕಣ್ಣಲ್ಲೂ ಇವು ಕಾಡುಪ್ರಾಣಿಗಳೇ.

ಕಾಡುಪ್ರಾಣಿ ನಡುಬೀದಿಯಲ್ಲಿ ಹೇಗೆ ಬದುಕಿತು ಅಂದರೆ, ಅದರ ಹಿಂದೆ ನಂಬಿಕೆಯ ಕತೆ ಇದೆ. ಪಾರ್ಕಿನ ಪೂರ್ವದ ಕಾಡಂಚಿನಲ್ಲಿ ಕಸುಗ ತಾಯ್ಶ ಅನ್ನುವ ಗುಡಿ ಇದೆ, ಜಪಾನಿನವರದೇ ಆದ ಹಳೆಯ ಶಿಂತೋ ಧರ್ಮದ್ದು. ಕಟ್ಟಿದ್ದು 768ರಲ್ಲಿ ಅನ್ನುತ್ತಾರೆ. ಅಲ್ಲಿನ ದೇವರು ತಾಕೆಮಿಕಾಜುಚಿ ದೂರದ ಕಾಶಿಮಾದಿಂದ ಬಿಳಿ ಜಿಂಕೆಯ ಬೆನ್ನೇರಿ ಬಂದನಂತೆ. ಅಂದಿನಿಂದ ಜಿಂಕೆ ದೇವರ ದೂತ. ಮಧ್ಯಕಾಲದಲ್ಲಿ ಜಿಂಕೆ ಕೊಂದವರಿಗೆ ಮರಣದಂಡನೆ ಇತ್ತು. ಆ ಭಯದಿಂದಲೇ ಒಂದು ಮಾತು ಹುಟ್ಟಿದೆ, ನಾರಾದವರು ಬೇಗ ಏಳುತ್ತಾರೆ ಅಂತ. ಯಾಕೆ ಗೊತ್ತಾ? ಮನೆ ಬಾಗಿಲಲ್ಲಿ ಜಿಂಕೆ ಸತ್ತು ಬಿದ್ದಿದೆಯಾ ಅಂತ ನೋಡಿಕೊಳ್ಳಲು. ಬಿದ್ದಿದ್ದರೆ ತಪ್ಪು ತಮ್ಮ ತಲೆಗೆ ಬರುತ್ತಿತ್ತು. ಚುಮುಚುಮು ಬೆಳಕಲ್ಲಿ ಬಾಗಿಲು ತೆರೆದು ಆಚೆ ಈಚೆ ನೋಡುವ ಆ ಮನೆಯವರ ಎದೆಬಡಿತ ನೆನೆಸಿಕೊಳ್ಳಿ. ಇವತ್ತಿನ ಈ ಮುದ್ದಾದ ದೃಶ್ಯದ ಹಿಂದೆ ಅಂಥ ಹೆದರಿಕೆಯೂ ಇತ್ತು.

ನಂಬಿಕೆ ಇದ್ದೂ ಒಂದು ಕಾಲದಲ್ಲಿ ಇವು ಮುಗಿದೇ ಹೋಗುವ ಹಾಗಿದ್ದವು. ಎರಡನೇ ಮಹಾಯುದ್ಧದ ಹೊತ್ತಿಗೆ ತಿನ್ನಲು ಅನ್ನವಿಲ್ಲದೆ ಜನ ಜಿಂಕೆಗಳನ್ನೂ ಹಿಡಿದು ತಿಂದರು. 1945ರಲ್ಲಿ ಉಳಿದದ್ದು ಬರೀ 79. ಅಲ್ಲಿಂದ ಮತ್ತೆ ಸಾವಿರ ದಾಟಿಸಿದ್ದು ಆ ಊರಿನ ಜನ. ಗಾಯಗೊಂಡ ಜಿಂಕೆಗೆ ಚಿಕಿತ್ಸೆ, ಗಬ್ಬದ ಹೆಣ್ಣುಗಳಿಗೆ ಬೇರೆ ಆವರಣ, ರಸ್ತೆಯಲ್ಲಿ ಗುದ್ದಿಸಿಕೊಂಡವನ್ನು ಎತ್ತಿಕೊಂಡು ಹೋಗುವುದು, ಇದಕ್ಕೆಲ್ಲ ಅಲ್ಲಿ ಒಂದು ಸಂಸ್ಥೆಯೇ ಇದೆ. 2023ರಲ್ಲಿ ಫುಕುಶಿಮಾ ವಿಶ್ವವಿದ್ಯಾಲಯದವರು ಸೇರಿ ಮಾಡಿದ ಅಧ್ಯಯನವೊಂದು ಬಂತು. ಈ ಜಿಂಕೆಗಳ ವಂಶವಾಹಿ ಸುತ್ತಲಿನ ಬೆಟ್ಟಗಳ ಜಿಂಕೆಗಳಿಗಿಂತ ಬೇರೆಯೇ ಅಂತೆ. ಸಾವಿರ ವರ್ಷಕ್ಕೂ ಹೆಚ್ಚು ಕಾಲ ಇವು ಪ್ರತ್ಯೇಕವಾಗಿ ಉಳಿದಿವೆ. ಆಚೆಯ ಬೆಟ್ಟಗಳಲ್ಲಿ ಬೇಟೆಯಾಡಿದರು, ಇಲ್ಲಿ ಬಿಟ್ಟರು. ಜನರ ನಂಬಿಕೆ ಜಿಂಕೆಯ ರಕ್ತದಲ್ಲೇ ಗುರುತು ಬಿಟ್ಟಿದೆ. ಇದನ್ನು ಓದಿದಾಗ ನನಗೆ ಮೈ ಜುಮ್ ಅಂದಿತು.

ಇಲ್ಲಿ ಒಂದು ಸಣ್ಣ ಮಾತು. ತೋದಾಯ್‌ಜಿಯಲ್ಲಿ ಕಂಚಿನ ದೊಡ್ಡ ಬುದ್ಧ ಇದ್ದಾನಲ್ಲ, 752ರಲ್ಲಿ ಅವನಿಗೆ ಕಣ್ಣು ಬರೆದ ಭಿಕ್ಷು ನಮ್ಮ ದೇಶದವನು. ಹೆಸರು ಬೋಧಿಸೇನ. ಅವನು ಹಿಡಿದ ಕುಂಚಕ್ಕೆ ಉದ್ದುದ್ದ ದಾರಗಳನ್ನು ಕಟ್ಟಿದ್ದರು. ನೆರೆದವರು ಆ ದಾರ ಹಿಡಿದು ತಾವೂ ಆ ಕೆಲಸದಲ್ಲಿ ಸೇರಿಕೊಂಡರು. ಬುದ್ಧ ಮೊದಲ ಸಲ ಬೋಧನೆ ಮಾಡಿದ ಸಾರನಾಥವೂ ಜಿಂಕೆಗಳ ವನವೇ ಆಗಿತ್ತು. ಬೋಧಿಸೇನ ನಾರಾದ ಜಿಂಕೆ ಕಂಡಾಗ ಅದು ನೆನಪಾಯಿತೋ ಏನೋ. ಬುದ್ಧನ ಮುಂದೆ ನಿಂತಾಗ ನನಗಂತೂ ಹಾಗನ್ನಿಸಿತು.

ಈಗ ಬಿಸ್ಕತ್ತಿಗೆ ಬರೋಣ. ಅದಕ್ಕೆ ಶಿಕಾ ಸೆನ್‌ಬೆ ಅನ್ನುತ್ತಾರೆ. 200 ಯೆನ್‌ಗೆ ಒಂದು ಕಟ್ಟು. ಅಂಗೈ ಅಗಲದ ತೆಳ್ಳನೆಯ ಬಿಲ್ಲೆಗಳು, ಸುತ್ತ ಒಂದು ಕಾಗದದ ಪಟ್ಟಿ. ಕಟ್ಟು ಬಿಚ್ಚುತ್ತಿದ್ದ ಹಾಗೇ ವಾಸನೆ ಬಂತು. ತೌಡಿನ ವಾಸನೆ! ಚಿಕ್ಕವನಿದ್ದಾಗ ಅಜ್ಜಿ ಮನೆಯ ಕೊಟ್ಟಿಗೆಯಲ್ಲಿ ಬಾನಿಗೆ ಸುರಿಯುತ್ತಿದ್ದ ಅದೇ ತೌಡು. ಅಕ್ಕಿ ತೌಡು ಮತ್ತು ಗೋಧಿ ಹಿಟ್ಟು, ಅಷ್ಟೇ. ಸಕ್ಕರೆ ಇಲ್ಲ. ಕಾಗದದ ಪಟ್ಟಿಯನ್ನೂ ಜಿಂಕೆ ತಿಂದರೆ ತೊಂದರೆಯಾಗದ ಹಾಗೆ ಮಾಡಿರುತ್ತಾರೆ. ಮಾರಾಟದ ದುಡ್ಡಿನಲ್ಲಿ ಒಂದು ಪಾಲು ಜಿಂಕೆಗಳ ಆರೈಕೆಗೇ ಹೋಗುತ್ತದೆ.

ಒಂದು ವಿಚಿತ್ರ ಅಲ್ಲಿ ಕಂಡೆ. ಅಂಗಡಿಯ ಅಜ್ಜಿಯ ಮುಂದೆ ಬಿಸ್ಕತ್ತಿನ ಕಟ್ಟುಗಳ ರಾಶಿಯೇ ಇತ್ತು. ಜಿಂಕೆಗಳು ಅಲ್ಲೇ ಸುತ್ತಮುತ್ತ ನಿಂತಿದ್ದವು, ಒಂದೂ ಬಾಯಿ ಹಾಕಲಿಲ್ಲ. ನಾನು ದುಡ್ಡು ಕೊಟ್ಟು ಕಟ್ಟು ಕೈಗೆ ತೆಗೆದುಕೊಂಡೆ ನೋಡಿ, ಆರೇಳು ಮೂತಿಗಳು ಒಟ್ಟಿಗೆ ಬಂದವು. ಒದ್ದೆ ಮೂಗು, ಉದ್ದ ರೆಪ್ಪೆ, ಬಿಸಿ ಉಸಿರು. ನಾಲಿಗೆ ಬೆರಳಿಗೆ ತಾಗಿದರೆ ಉಪ್ಪುಕಾಗದದ ಹಾಗೆ ಒರಟು.

ಅವು ತಲೆ ಬಾಗಿಸುವುದು ಕಲಿತ ಅಭ್ಯಾಸ. ಬಾಗಿಸಿದರೆ ಬಿಸ್ಕತ್ತು ಸಿಗುತ್ತದೆ ಅಂತ ಅವಕ್ಕೆ ಗೊತ್ತು. ನಾರಾ ಮಹಿಳಾ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಲೆಕ್ಕ ಹಾಕಿದ್ದಾರೆ. ಕೋವಿಡ್‌ಗೆ ಮುಂಚೆ ಒಂದು ಜಿಂಕೆ ಸರಾಸರಿ 10 ಸಲದಷ್ಟು ಬಾಗಿಸುತ್ತಿತ್ತು. ಪ್ರವಾಸಿಗಳು ಬರುವುದು ನಿಂತ ಮೇಲೆ ಅದು 6ರ ಆಸುಪಾಸಿಗೆ ಇಳಿಯಿತು. ಕೊಡುವವರೇ ಇಲ್ಲದಾಗ ಯಾಕೆ ಬಾಗಿಸಬೇಕು? ಇನ್ನೊಂದು ವಿಷಯ. ಕೊಂಬಿರುವ ಗಂಡು ಗುದ್ದುವ ಮುಂಚೆಯೂ ತಲೆ ತಗ್ಗಿಸುತ್ತದೆ. ಪಾರ್ಕಿನ ತುಂಬ ಫಲಕಗಳಿವೆ. ಕಚ್ಚಬಹುದು, ಒದೆಯಬಹುದು, ಗುದ್ದಬಹುದು, ಬೀಳಿಸಬಹುದು, ನಾಲ್ಕಕ್ಕೂ ಚಿತ್ರ ಬರೆದು ಹಾಕಿದ್ದಾರೆ. ಅದರ ಕೆಳಗೇ ನಿಂತು ಜನ ಜಿಂಕೆಯ ಬೆನ್ನ ಮೇಲೆ ಮಗುವನ್ನು ಕೂರಿಸಲು ನೋಡುತ್ತಿದ್ದರು.

ಶರತ್ಕಾಲದಲ್ಲಿ ಗಂಡುಗಳಿಗೆ ಬೆದೆಯ ಸಮಯ, ಆಗ ಅವು ಕೆಣಕಿದರೆ ಸುಮ್ನೆ ಬಿಡುವುದಿಲ್ಲ. ಅದಕ್ಕೇ ಅಕ್ಟೋಬರಿನಲ್ಲಿ ಕೊಂಬು ಕತ್ತರಿಸುವ ಹಬ್ಬವೇ ನಡೆಯುತ್ತದೆ. 1672ರಿಂದ ಬಂದ ಪದ್ಧತಿ. ಹಗ್ಗ ಹಾಕಿ ಹಿಡಿದು, ತಲೆಯ ಕೆಳಗೆ ಚಾಪೆ ಇಟ್ಟು, ಪೂಜಾರಿ ಗರಗಸದಲ್ಲಿ ಕೊಯ್ಯುತ್ತಾರೆ. ಬಲಿತ ಕೊಂಬಿಗೆ ನೋವು ತಿಳಿಯುವುದಿಲ್ಲ. ಮುಂದಿನ ವರ್ಷ ಹೊಸ ಕೊಂಬು ಬರುತ್ತದೆ.

ನನಗೆ ಸಿಟ್ಟು ಬರುವುದು ಬಿಸ್ಕತ್ತಿನ ಬಗ್ಗೆಯಲ್ಲ, ಪ್ಲಾಸ್ಟಿಕ್ಕಿನ ಬಗ್ಗೆ. 2019ರಲ್ಲಿ ಸತ್ತ 14 ಜಿಂಕೆಗಳನ್ನು ಕುಯ್ದು ನೋಡಿದಾಗ 9ರ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಸಿಕ್ಕಿತು. ಒಂದರಲ್ಲಂತೂ 4.3 ಕಿಲೋ. ಚೀಲ, ತಿಂಡಿಯ ಹೊದಿಕೆ, ಎಲ್ಲ ಹೊಸೆದುಕೊಂಡು ಹಗ್ಗದ ಉಂಡೆಯ ಹಾಗೆ ಆಗಿತ್ತು. ಇದು ಯಾಕಾಗುತ್ತದೆ ಅಂತ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಬೀದಿ ದನಗಳ ಹೊಟ್ಟೆಯಲ್ಲೂ ಇದೇ ಇರುತ್ತದೆ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಗೆ ಹೋದ ಪ್ಲಾಸ್ಟಿಕ್ ಕರಗುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ. ಹೊಟ್ಟೆ ತುಂಬಿದ ಹಾಗೇ ಇರುತ್ತದೆ, ಪ್ರಾಣಿ ಮಾತ್ರ ಬಡಕಲಾಗುತ್ತಾ ಹೋಗುತ್ತದೆ. ಜಿಂಕೆಗೆ ಚೀಲ ಬೇಕಾಗಿಲ್ಲ. ಚೀಲಕ್ಕೆ ಅಂಟಿದ ತಿಂಡಿಯ ವಾಸನೆ ಅದನ್ನು ಕರೆಯುತ್ತದೆ.

ಆ ವರ್ಷದ ನಂತರ ಅಲ್ಲಿನ ಕೆಲವು ವ್ಯಾಪಾರಿಗಳು ಹಳೆಯ ಹಾಲಿನ ಡಬ್ಬಿಯ ಕಾಗದ ಮತ್ತು ತೌಡು ಸೇರಿಸಿ ಒಂದು ಚೀಲ ಮಾಡಿದರು. ಜಿಂಕೆ ತಿಂದರೂ ಅಪಾಯವಿಲ್ಲ. ಒಳ್ಳೆಯ ಕೆಲಸ, ಮನಸ್ಸಿಟ್ಟು ಮಾಡಿದ್ದಾರೆ. ಆದರೆ ಚಿಪ್ಸ್ ಪ್ಯಾಕೆಟ್ಟನ್ನು ಜೇಬಿನಲ್ಲಿಟ್ಟುಕೊಂಡು ವಾಪಸ್ ತರುವುದಕ್ಕೆ ಯಾವ ಸಂಶೋಧನೆಯೂ ಬೇಕಾಗಿಲ್ಲ. ಬಂಡೀಪುರ, ಮುದುಮಲೈ ರಸ್ತೆಯಲ್ಲಿ ಕಾರು ನಿಲ್ಲಿಸಿ ಚುಕ್ಕೆ ಜಿಂಕೆಗೆ ಕುರುಕಲು ಎಸೆಯುವ ನಮ್ಮ ಜನರಿಗೂ ಇದೇ ಮಾತು. ನಾರಾದಲ್ಲಿ ಕೊಡಬಹುದಾದ ತಿಂಡಿ ಅಂತ ಒಂದಿದೆ, ಆ ಬಿಸ್ಕತ್ತು ಮಾತ್ರ. ನಮ್ಮ ಕಾಡಿನಲ್ಲಿ ಅದೂ ಇಲ್ಲ. ಏನೂ ಕೊಡಬಾರದು.

ಎಲ್ಲರಿಗೂ ಈ ಜಿಂಕೆ ದೇವರಲ್ಲ ಅನ್ನುವುದನ್ನೂ ಹೇಳಲೇಬೇಕು. ಪಾರ್ಕಿನ ಆಚೆ ಗದ್ದೆ ತೋಟ ಮಾಡುವ ರೈತರಿದ್ದಾರೆ. ರಾತ್ರಿ ಜಿಂಕೆ ನುಗ್ಗಿದರೆ ಬೆಳೆ ಹೋಯಿತು. ಮಲೆನಾಡಿನವರಿಗೆ ಈ ಸಂಕಟ ಗೊತ್ತು. ಅಲ್ಲಿ ಜಾಗವನ್ನು ವಲಯಗಳಾಗಿ ಹಂಚಿದ್ದಾರೆ. ಪಾರ್ಕಿರುವ ಒಳಗಿನ ವಲಯದಲ್ಲಿ ಪೂರ್ತಿ ರಕ್ಷಣೆ. ತೀರಾ ಹೊರಗಿನ ವಲಯದಲ್ಲಿ 2017ರಿಂದ ಹಿಡಿದು ಕೊಲ್ಲಲು ಅನುಮತಿ ಇದೆ. ಇವೆರಡರ ನಡುವಿನ ವಲಯದಲ್ಲಿ ಬೆಳೆಗೆ ಬಾಯಿ ಹಾಕಿದವುಗಳನ್ನು ಹಿಡಿದು ಒಂದು ಆವರಣದಲ್ಲಿ ಬದುಕಿರುವವರೆಗೂ ಕೂಡಿಹಾಕುತ್ತಿದ್ದರು. ಅಲ್ಲಿನ ಸ್ಥಿತಿ ಸರಿಯಿಲ್ಲ ಎಂದು 2023ರಲ್ಲಿ ದೂರು ಬಂದು ತನಿಖೆಯೂ ನಡೆಯಿತು. ಅದೇ ಜಿಂಕೆ, ಗೆರೆಯ ಈಚೆ ದೇವರ ದೂತ, ಆಚೆ ಬೆಳೆಗಳ್ಳ. ಯಾರದ್ದು ಸರಿ ಅಂತ ತೀರ್ಪು ಕೊಡಲು ನನ್ನಿಂದಾಗದು. ರೈತನ ನಷ್ಟವೂ ನಿಜವೇ. ನಾವು ಪ್ರವಾಸಿಗಳು ಒಂದು ಮಧ್ಯಾಹ್ನ ಬಂದು ಫೋಟೋ ಹೊಡೆದು ಹೋಗುತ್ತೇವೆ. ಬೇಲಿ ಹಾಕುವುದು, ಕಾಯುವುದು, ಹೂಳುವುದು ಎಲ್ಲ ಅವರ ಪಾಲಿಗೆ.

ಹಾಗಾದರೆ ಹೋಗಲೇಬಾರದಾ ಅಂತ ಕೇಳಬೇಡಿ. ಹೋಗಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಬಿಸ್ಕತ್ತು ತೆಗೆದುಕೊಂಡರೆ ತಡ ಮಾಡದೆ ಕೊಟ್ಟುಬಿಡಿ. ಮುಗಿದ ಮೇಲೆ ಎರಡೂ ಅಂಗೈ ಬಿಡಿಸಿ ಅದರ ಮುಂದೆ ಹಿಡಿಯಿರಿ. ಖಾಲಿ ಕೈ ಅಂದರೆ ಏನು ಅಂತ ಅವಕ್ಕೆ ಚೆನ್ನಾಗಿ ತಿಳಿದಿದೆ. ಇದನ್ನು ನನಗೆ ಹೇಳಿಕೊಟ್ಟಿದ್ದು ಆ ಅಂಗಡಿಯ ಅಜ್ಜಿ. ಅವರಿಗೆ ನನ್ನ ಭಾಷೆ ಬರದು, ನನಗೆ ಅವರ ಭಾಷೆ ಬರದು. ಎರಡು ಕೈ ಬಿಡಿಸಿ ತೋರಿಸಿ ನಕ್ಕರು.

ಸಂಜೆ ಮ್ಯೂಸಿಯಂ ಮುಂದಿನ ಹುಲ್ಲಿನ ಮೇಲೆ ಕೂತಿದ್ದೆ. ಬೇಸಿಗೆಯ ಸಂಜೆ ಅಲ್ಲಿ ನೂರಾರು ಜಿಂಕೆಗಳು ತಾವಾಗಿಯೇ ಬಂದು ಸೇರುತ್ತವೆ. ಯಾರೂ ಕರೆಯುವುದಿಲ್ಲ, ಯಾರೂ ಏನೂ ಕೊಡುವುದಿಲ್ಲ. ಬಂದು ಮಲಗುತ್ತವೆ. ಹೊತ್ತು ಇಳಿಯುತ್ತಿದ್ದ ಹಾಗೆ ಒಂದೊಂದಾಗಿ ಎದ್ದು ಹೋಗುತ್ತವೆ. ಅಂಗಡಿಗಳು ಮುಚ್ಚಿದ್ದವು. ಒಂದು ತಾಯಿ ಜಿಂಕೆ ಮರಿಯ ಜೊತೆ ನನ್ನ ಹತ್ತಿರ ಬಂತು. ಒಂದು ಸಲ ತಲೆ ಬಾಗಿಸಿತು. ನಾನು ಎರಡೂ ಅಂಗೈ ಬಿಡಿಸಿ ತೋರಿಸಿದೆ. ಅದು ಮೂಸಿ ನೋಡಿತು. ಆಮೇಲೆ ಮೂರು ಮಾರು ಆಚೆಗೆ ಹೋಗಿ, ಕಾಲು ಮಡಚಿ ಕೂತು, ನನ್ನ ಕಡೆ ನೋಡದೆ ಮೆಲುಕು ಹಾಕತೊಡಗಿತು. ಮರಿ ಅದರ ಪಕ್ಕೆಗೆ ಒರಗಿಕೊಂಡಿತು. ರೈಲಿನ ಹೊತ್ತಾಗುವವರೆಗೂ ನಾವು ಹಾಗೇ ಕೂತಿದ್ದೆವು.