ಖಾಲಿ ತಟ್ಟೆಯ ತೂಕ: ಗೇಟ್‌ವೇ ಒಳಗಿನ ಜಾವಾ ಕೋಡ್ ಕೈಕೊಟ್ಟಾಗ

ಎಲ್ಲರಿಗೂ ನಮಸ್ಕಾರ.

ಶನಿವಾರ ಬೆಳಿಗ್ಗೆ ನಿದ್ದೆ ಬಿಟ್ಟು ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷ. ಎಪಿಐ ಗೇಟ್‌ವೇ ಅಂದರೇನು ಅಂತ ಈ ಸಭೆಗೆ ನಾನು ಹೇಳಬೇಕಾಗಿಲ್ಲ, ನಮ್ಮ ಸರ್ವಿಸ್‌ಗಳ ಮುಂದೆ ನಿಂತಿರುವ ಹೆಬ್ಬಾಗಿಲು ಅದು. ಟೋಕನ್ ನೋಡುವುದು, ರೇಟ್ ಲಿಮಿಟ್ ಹಾಕುವುದು, ಬಂದ ರಿಕ್ವೆಸ್ಟನ್ನು ಸರಿಯಾದ ಸರ್ವಿಸ್‌ಗೆ ದಾಟಿಸುವುದು, ಇವೆಲ್ಲ ಅದರಲ್ಲೇ ಇರುತ್ತವೆ. ಅದರಲ್ಲಿ ಇಲ್ಲದ್ದನ್ನು ನಾವು ಜಾವಾದಲ್ಲಿ ಬರೆದು ಸೇರಿಸುತ್ತೇವಲ್ಲ, ನಾನು ಮಾತಾಡುವುದು ಆ ತುಂಡಿನ ಬಗ್ಗೆ. ಗೇಟ್‌ವೇಗಳಲ್ಲಿ ಒಂದಾದ ಡಬ್ಲ್ಯೂಎಸ್‌ಒ2ನಲ್ಲಿ ಆ ತುಂಡಿಗೆ ಹ್ಯಾಂಡ್ಲರ್ ಅನ್ನುತ್ತಾರೆ. ಅಪಿಜಿಯಲ್ಲಿ ಜಾವಾ ಕಾಲ್‌ಔಟ್. ಸ್ಪ್ರಿಂಗ್ ಕ್ಲೌಡ್ ಗೇಟ್‌ವೇಯಲ್ಲಿ ಫಿಲ್ಟರ್. ಹೆಸರು ಬೇರೆಬೇರೆ, ಪಾಡು ಒಂದೇ. ಕೋಡ್ ನಮ್ಮದು, ಅದು ಸಂಸಾರ ಮಾಡುವ ಮನೆ ಇನ್ನೊಬ್ಬರದು.

ಇದನ್ನು ಇವತ್ತೇ ಹೇಳಬೇಕು ಅನ್ನಿಸಿದ್ದಕ್ಕೆ ಕಾರಣ ಇದೆ. ಹೋದ ತಿಂಗಳು ನಮ್ಮ ತಂಡಕ್ಕೆ ಹೊಸದಾಗಿ ಸೇರಿದವರೊಬ್ಬರು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರು. "ಸರ್, ಗೇಟ್‌ವೇ ಹ್ಯಾಂಗ್ ಆಗಿತ್ತು. ರೀಸ್ಟಾರ್ಟ್ ಮಾಡಿದೆ. ಈಗ ಸರಿಹೋಗಿದೆ" ಅಂದರು. "ಥ್ರೆಡ್ ಡಂಪ್ ತಗೊಂಡ್ರಾ?" ಅಂತ ಕೇಳಿದೆ. ಆ ಕ್ಷಣ ಪ್ರತಿ ಥ್ರೆಡ್, ಅಂದರೆ ಒಟ್ಟೊಟ್ಟಿಗೆ ನಡೆಯುವ ಪ್ರತಿ ಕೆಲಸದ ಎಳೆ, ಕೋಡ್‌ನ ಯಾವ ಸಾಲಿನಲ್ಲಿ ನಿಂತಿದೆ ಅನ್ನುವ ಪಟ್ಟಿ ಅದು. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಇಲ್ಲ ಸರ್." ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎರಡು ದಿನ ಬಿಟ್ಟು ಅದೇ ಹೊತ್ತಿಗೆ ಗೇಟ್‌ವೇ ಮತ್ತೆ ನಿಂತಿತು. ಆ ಕಥೆ ಎಲ್ಲಿಗೆ ಮುಟ್ಟಿತು ಅಂತ ಆಮೇಲೆ ಹೇಳುತ್ತೇನೆ.

ನನ್ನ ಹತ್ತಿರ ಇರುವುದು ಒಂದೇ ಮಾತು. ರೀಸ್ಟಾರ್ಟ್ ಮಾಡುವ ಮುಂಚೆ ಸಾಕ್ಷಿ ಎತ್ತಿಕೊಳ್ಳಿ. ಇದನ್ನು ಇನ್ನೂ ನಾಲ್ಕು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಈಗ ದೊಡ್ಡ ಕಥೆ. ಕೆಲವು ವರ್ಷದ ಹಿಂದಿನದು. ಯಾವ ಕಂಪನಿ ಅಂತ ಬೇಡ. ಪಾಲುದಾರ ಸಂಸ್ಥೆಗಳಿಂದ ನಮಗೆ ಆರ್ಡರ್ ಬರುತ್ತಿದ್ದವು. ಪ್ರತಿ ರಿಕ್ವೆಸ್ಟ್ ಜೊತೆ ಒಂದು ಸಹಿ, ಅಂದರೆ ಬಾಡಿಯ (ರಿಕ್ವೆಸ್ಟ್ ಒಳಗಿನ ಮಾಹಿತಿಯ) ಮೇಲೆ ಒಂದು ಗುಟ್ಟಿನ ಕೀಯಿಂದ ಲೆಕ್ಕ ಹಾಕಿದ ಎಚ್‌ಮ್ಯಾಕ್ ಅನ್ನುವ ಮುದ್ರೆ. ಗೇಟ್‌ವೇಯಲ್ಲಿ ನಮ್ಮ ಹ್ಯಾಂಡ್ಲರ್ ಅದೇ ಗುಟ್ಟಿನ ಕೀ ಹಿಡಿದು ಅದೇ ಲೆಕ್ಕ ಮಾಡಬೇಕು. ಎರಡೂ ತಾಳೆಯಾದರೆ ಒಳಗೆ, ಇಲ್ಲದಿದ್ದರೆ 401, ಅಂದರೆ ಪ್ರವೇಶವಿಲ್ಲ ಅನ್ನುವ ಉತ್ತರ. ನೂರು ಸಾಲಿನ ಕೋಡ್ ಕೂಡ ಇರಲಿಲ್ಲ. ಟೆಸ್ಟಿಂಗ್‌ನಲ್ಲಿ ಎಲ್ಲಾ ಹಸಿರು. ಪ್ರೊಡಕ್ಷನ್‌ಗೆ ಹೋಯಿತು.

ಸ್ವಲ್ಪ ದಿನಕ್ಕೆ ಒಬ್ಬ ಪಾಲುದಾರರ ಕಡೆಯಿಂದ ದೂರು ಬಂತು. ಆಗಾಗ 401 ಬರುತ್ತಿದೆ, ಯಾಕೆ ನೋಡಿ ಅಂತ. ಅವರ ಕಡೆ ಕೋಡ್ ಬರೆಯುತ್ತಿದ್ದದ್ದು ಹುಬ್ಬಳ್ಳಿಯ ಒಬ್ಬ ಹುಡುಗ. ಕಾಲ್‌ನಲ್ಲಿ ಎಷ್ಟು ವಿನಯದಿಂದ ಹೇಳುತ್ತಿದ್ದ ಅಂದರೆ, "ಸರ್, ನಮ್ಮ ಕಡೆ ಎಲ್ಲಾ ಬರೊಬ್ಬರಿ ಐತ್ರಿ. ಅದ ಪೇಲೋಡ್ ಮತ್ತೊಮ್ಮೆ ಕಳಿಸಿದ್ರ ಹೋಗತೈತ್ರಿ." ನಮ್ಮ ಕಡೆಯ ಉತ್ತರ ಪ್ರತಿಸಲ ಒಂದೇ. ಸಹಿ ತಾಳೆಯಾಗುತ್ತಿಲ್ಲ, ನಿಮ್ಮ ಎನ್‌ಕೋಡಿಂಗ್ ನೋಡಿಕೊಳ್ಳಿ, ಸ್ಪೇಸ್ ನೋಡಿಕೊಳ್ಳಿ, ಕೀ ನೋಡಿಕೊಳ್ಳಿ. ಮೂರು ವಾರ ಆ ಹುಡುಗ ಸುಮ್ನೆ ನೋಡಿಕೊಂಡೇ ಇದ್ದ. ಅವರ ಮೇಲಿನವರು ಅವನನ್ನು ಕೇಳುತ್ತಿದ್ದರು, ಅವನು ನಮ್ಮನ್ನು ಕೇಳುತ್ತಿದ್ದ, ನಾವು ಅವನ ಕಡೆಗೇ ಬೆರಳು ತೋರಿಸುತ್ತಿದ್ದೆವು.

ಈಗ ಯೋಚಿಸಿದರೆ, ಅವನು ಮೊದಲ ದಿನವೇ ಉತ್ತರ ಹೇಳಿಬಿಟ್ಟಿದ್ದ. ಅದೇ ಪೇಲೋಡ್, ಅಂದರೆ ಅದೇ ಬಾಡಿ, ಅದೇ ಸಹಿ, ಎರಡನೇ ಸಲ ಕಳಿಸಿದರೆ ಪಾಸಾಗುತ್ತದೆ ಅಂದರೆ ಪೇಲೋಡ್ ತಪ್ಪಿರಲು ಸಾಧ್ಯವೇ ಇಲ್ಲ, ಅಲ್ವಾ? ಬದಲಾದದ್ದು ಅದನ್ನು ನೋಡುವ ನಮ್ಮ ಕಣ್ಣು.

ಈ ನಡುವೆ ನಮ್ಮಲ್ಲೊಬ್ಬರು ಒಂದು ಸಂಜೆ ಗೇಟ್‌ವೇ ರೀಸ್ಟಾರ್ಟ್ ಮಾಡಿದರು. ದೂರು ನಿಂತಿತು. ಎಲ್ಲರೂ ಉಸಿರುಬಿಟ್ಟೆವು. ಬೆಳಿಗ್ಗೆ ಹತ್ತಕ್ಕೆ ಮತ್ತೆ ಶುರು. ಸಂಜೆ ಏಳರ ಮೇಲೆ ಆ ಪಾಲುದಾರರ ಟ್ರಾಫಿಕ್ಕೇ ಇರುತ್ತಿರಲಿಲ್ಲ. ಹೇಗೂ ನಿಲ್ಲುತ್ತಿದ್ದ ತೊಂದರೆಗೆ ರೀಸ್ಟಾರ್ಟ್ ಹೆಸರು ಪಡೆಯಿತು. ಅದರಿಂದ ನಮಗೆ ಇನ್ನೂ ಒಂದು ವಾರ ದಂಡವಾಯಿತು. ಯಾಕೆಂದರೆ "ಮೆಮೊರಿ ಏನೋ ತುಂಬಿಕೊಳ್ಳುತ್ತಿದೆ" ಅಂತ ಎಲ್ಲರೂ ಜಾವಾದ ಮೆಮೊರಿ ಜಾಗವಾದ ಹೀಪ್ ನೋಡುತ್ತಾ ಕುಳಿತೆವು. ಅದಕ್ಕೇ ಹೇಳಿದ್ದು, ಮೊದಲು ಸಾಕ್ಷಿ.

ಸಾಕ್ಷಿ ಎಲ್ಲಿತ್ತು? ಎಲ್ಲೂ ಇರಲಿಲ್ಲ. ಹ್ಯಾಂಡ್ಲರ್‌ನಲ್ಲಿ ಸಹಿ ತಪ್ಪಿದರೆ ಫಾಲ್ಸ್ ಕಳಿಸು ಅಂತಿತ್ತು. ಎಕ್ಸೆಪ್ಷನ್, ಅಂದರೆ ಓಡುವಾಗಿನ ದೋಷ, ಬಂದರೂ ಅದನ್ನು ಕ್ಯಾಚ್ ಮಾಡಿ ಫಾಲ್ಸ್ ಕಳಿಸು ಅಂತಿತ್ತು. ಎರಡಕ್ಕೂ ಲಾಗ್ ಇಲ್ಲ. ಖಾಲಿ ಕ್ಯಾಚ್ ಬ್ಲಾಕ್ ಅಂದರೆ ಮನೆಗೆ ಬಂದ ಪತ್ರವನ್ನು ಓದದೆ ಒಲೆಗೆ ಹಾಕಿದ ಹಾಗೆ. ಕೊನೆಗೆ ಎರಡು ಸಾಲು ಲಾಗ್ ಸೇರಿಸಿದೆವು. ಥ್ರೆಡ್‌ನ ಹೆಸರು, ರಿಕ್ವೆಸ್ಟ್ ಐಡಿ, ಬಾಡಿಯ ಉದ್ದ, ಬಂದ ಸಹಿಯ ಮೊದಲ ಎಂಟು ಅಕ್ಷರ, ನಾವು ಲೆಕ್ಕ ಹಾಕಿದ ಸಹಿಯ ಮೊದಲ ಎಂಟು ಅಕ್ಷರ. ಪೂರ್ತಿ ಸಹಿ ಬರೆಯಬೇಡಿ, ಕೀಯನ್ನಂತೂ ಲಾಗ್ ಹತ್ತಿರವೂ ಬಿಡಬೇಡಿ. ಎಂಟು ಅಕ್ಷರ ಸಾಕು.

ಮರುದಿನ ಮಧ್ಯಾಹ್ನ ಊಟ ಆದಮೇಲೆ ಲಾಗ್ ತೆರೆದು ಬರೀ ವಿಫಲವಾದವನ್ನು ಸೋಸಿಕೊಂಡೆವು. ಮೊದಲು ಕಣ್ಣಿಗೆ ಬಿದ್ದದ್ದು, ಅವು ಜೋಡಿಜೋಡಿಯಾಗಿ ಬರುತ್ತಿದ್ದವು. ಒಂದೇ ಮಿಲಿಸೆಕೆಂಡಿನಲ್ಲಿ ಎರಡು, ಬೇರೆಬೇರೆ ಥ್ರೆಡ್‌ಗಳಲ್ಲಿ. ಆಮೇಲೆ ನನ್ನ ಪಕ್ಕ ಕೂತಿದ್ದ ಸಹೋದ್ಯೋಗಿ ಪರದೆಯ ಮೇಲೆ ಬೆರಳಿಟ್ಟು, "ಇದೇನ್ರೀ, ಇದು ಆಗಲೇ ನೋಡಿದ ಹಾಗಿದೆಯಲ್ಲ" ಅಂದರು. ನಾವು ಲೆಕ್ಕ ಹಾಕಿದ ಸಹಿಯ ಆ ಎಂಟು ಅಕ್ಷರ ಬೆಳಿಗ್ಗೆಯ ಒಂದು ಆರ್ಡರ್‌ನಲ್ಲೂ ಇತ್ತು, ಮಧ್ಯಾಹ್ನದ ಇನ್ನೊಂದರಲ್ಲೂ ಇತ್ತು. ಹುಡುಕಿದರೆ ಹೆಚ್ಚುಕಡಿಮೆ ಪ್ರತಿ ಜೋಡಿಯಲ್ಲೂ ಒಂದಕ್ಕೆ ಅದೇ ಸಹಿ. ಬೇರೆ ಬೇರೆ ಬಾಡಿಗೆ ಒಂದೇ ಸಹಿ! ಎಚ್‌ಮ್ಯಾಕ್‌ನಲ್ಲಿ ಅದು ಆಗಬಾರದು.

ಆಗಿರುವುದು ಏನಪ್ಪಾ ಅಂದರೆ, ತರಕಾರಿ ಅಂಗಡಿಯಲ್ಲಿ ಒಂದೇ ತಕ್ಕಡಿ ಇದೆ ಅಂದುಕೊಳ್ಳಿ. ನೀವು ಟೊಮೆಟೊ ಹಾಕಿದಿರಿ. ತೂಕ ನೋಡುವಷ್ಟರಲ್ಲಿ ಪಕ್ಕದವರು ಅದೇ ತಟ್ಟೆಗೆ ಈರುಳ್ಳಿ ಸುರಿದರು. ಅಂಗಡಿಯವರು ಎರಡರ ತೂಕವನ್ನೂ ಸೇರಿಸಿ ನಿಮಗೆ ಬಿಲ್ ಮಾಡಿ ತಟ್ಟೆ ಖಾಲಿ ಮಾಡಿದರು. ಆಮೇಲೆ ಪಕ್ಕದವರ ಬಿಲ್ ಮಾಡಲು ನೋಡಿದರೆ ತಟ್ಟೆಯಲ್ಲಿ ಏನೂ ಇಲ್ಲ. ಖಾಲಿ ತಟ್ಟೆಯ ತೂಕ ಯಾವಾಗ ತೂಗಿದರೂ ಒಂದೇ.

ಜಾವಾದ ಮ್ಯಾಕ್ ಅನ್ನುವ ಕ್ಲಾಸ್ ಆ ತಕ್ಕಡಿ. ಅಪ್‌ಡೇಟ್ ಅಂದರೆ ತಟ್ಟೆಗೆ ಹಾಕುವುದು, ಡೂಫೈನಲ್ ಅಂದರೆ ತೂಗಿ ಖಾಲಿ ಮಾಡುವುದು. ನಮ್ಮ ಹ್ಯಾಂಡ್ಲರ್‌ನಲ್ಲಿ ಮ್ಯಾಕ್ ಒಂದು ಫೀಲ್ಡ್ ಆಗಿತ್ತು, ಅಂದರೆ ಹ್ಯಾಂಡ್ಲರ್ ತನ್ನ ಬಳಿಯೇ ಇಟ್ಟುಕೊಳ್ಳುವ ವಸ್ತು. ಹ್ಯಾಂಡ್ಲರ್‌ನ ಆಬ್ಜೆಕ್ಟ್ ಪ್ರತಿ ರಿಕ್ವೆಸ್ಟ್‌ಗೂ ಹೊಸದಾಗಿ ಹುಟ್ಟುವುದಿಲ್ಲ. ಒಂದನ್ನೇ ಎಲ್ಲಾ ಥ್ರೆಡ್‌ಗಳೂ ಹಂಚಿಕೊಳ್ಳುತ್ತವೆ. ಎರಡು ಥ್ರೆಡ್ ಒಟ್ಟಿಗೆ ಬಂದರೆ ಒಬ್ಬರಿಗೆ ಇಬ್ಬರ ತೂಕ, ಇನ್ನೊಬ್ಬರಿಗೆ ಖಾಲಿ ತಟ್ಟೆ. ಅನುಮಾನ ಬಂದ ತಕ್ಷಣ ಜಾವಾ ಸಾಲುಗಳನ್ನು ಅಲ್ಲೇ ಓಡಿಸಿ ನೋಡುವ ಜೆಶೆಲ್ ತೆರೆದು, ಅದೇ ಕೀ ಕೊಟ್ಟು, ಖಾಲಿ ಸ್ಟ್ರಿಂಗ್‌ನ ಎಚ್‌ಮ್ಯಾಕ್ ತೆಗೆದೆವು. ಆ ಎಂಟು ಅಕ್ಷರ ಪರದೆಯ ಮೇಲೆ ಬಂದಾಗ ಇಬ್ಬರೂ ಮಾತಾಡಲಿಲ್ಲ. ನನಗೆ ಇವತ್ತಿಗೂ ಮೈ ಜುಮ್ ಅನ್ನುತ್ತದೆ.

ರಿಪೇರಿ ಎರಡೇ ಸಾಲು. ಮ್ಯಾಕ್ ಅನ್ನು ಮೆಥಡ್ ಒಳಗೆ, ಪ್ರತಿ ರಿಕ್ವೆಸ್ಟ್‌ಗೂ ಹೊಸದಾಗಿ ತೆಗೆದುಕೊಳ್ಳುವುದು. ಹಾಗೆ ಮಾಡಿದರೆ ನಿಧಾನ ಆಗುತ್ತದೆ ಅಂತ ಹೆದರಿ ಫೀಲ್ಡ್‌ನಲ್ಲಿ ಇಟ್ಟಿದ್ದರು. ಅಳೆದು ನೋಡಿದೆವು, ಲೆಕ್ಕಕ್ಕೇ ಬರಲಿಲ್ಲ. ಹಂಚಿಕೊಂಡರೆ ಕೆಡುವ ಜಾವಾ ಕ್ಲಾಸ್‌ಗಳು ಇನ್ನೂ ಇವೆ. ಮೆಸೇಜ್‌ಡೈಜೆಸ್ಟ್ ಹೀಗೇ. ದಿನಾಂಕ ಬರೆಯುವ ಸಿಂಪಲ್‌ಡೇಟ್‌ಫಾರ್ಮ್ಯಾಟ್ ಹೀಗೇ, ಅದಂತೂ ಎಷ್ಟು ಮನೆ ಕೆಡಿಸಿದೆಯೋ. ಅದರ ಜಾಗಕ್ಕೆ ಜಾವಾ 8ರಿಂದ ಡೇಟ್‌ಟೈಮ್‌ಫಾರ್ಮ್ಯಾಟರ್ ಇದೆ, ಅದನ್ನು ಹಂಚಿಕೊಂಡರೆ ಭಯವಿಲ್ಲ. ಸೋಮವಾರ ಆಫೀಸಿಗೆ ಹೋಗಿ ನಿಮ್ಮ ಹ್ಯಾಂಡ್ಲರ್ ತೆರೆಯಿರಿ. ಫೀಲ್ಡ್‌ಗಳನ್ನು ಒಂದೊಂದಾಗಿ ನೋಡಿ, ಇದನ್ನು ಇಬ್ಬರು ಒಟ್ಟಿಗೆ ಮುಟ್ಟಿದರೆ ಏನಾಗುತ್ತದೆ ಅಂತ ಕೇಳಿಕೊಳ್ಳಿ.

ಹುಬ್ಬಳ್ಳಿಯ ಹುಡುಗನಿಗೆ ನಾನೇ ಮೇಲ್ ಬರೆದೆ. ತಪ್ಪು ನಮ್ಮದು ಅಂತ ಮೊದಲ ಸಾಲಿನಲ್ಲೇ ಬರೆದು, ಅವನ ಮೇಲಿನವರಿಗೂ ಪ್ರತಿ ಹಾಕಿದೆ. ಇದನ್ನು ಒತ್ತಿ ಹೇಳುತ್ತೇನೆ. ಸಾಕ್ಷಿ ಇಲ್ಲದೆ ನಾವು ಊಹೆ ಮಾಡಿದಾಗ ಆ ಊಹೆಯ ಭಾರ ಯಾರೋ ಒಬ್ಬ ಕಿರಿಯರ ತಲೆಯ ಮೇಲೆ ಬೀಳುತ್ತದೆ. ಯಾವಾಗಲೂ ಕಿರಿಯರ ಮೇಲೇ ಬೀಳುತ್ತದೆ.

ಗಡಿಯಾರ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಹೊತ್ತು ಒಂದೇ ಕಥೆಗೆ ಹೋಯಿತು. ಇರಲಿ.

ಈಗ ಆ ರಾತ್ರಿ ಹನ್ನೊಂದರ ಫೋನ್. ಎರಡನೇ ಸಲ ನಿಂತಾಗ ಅವರು ರೀಸ್ಟಾರ್ಟ್ ಮಾಡುವ ಮುಂಚೆ ಥ್ರೆಡ್ ಡಂಪ್ ತೆಗೆಯುವ ಜೆಸ್ಟ್ಯಾಕ್ ಓಡಿಸಿದರು. ಹತ್ತು ಸೆಕೆಂಡಿಗೆ ಒಂದರಂತೆ ಮೂರು ಡಂಪ್. ಒಂದೇ ತೆಗೆದರೆ ಫೋಟೊ ಇದ್ದ ಹಾಗೆ, ನಡೆಯುತ್ತಿದ್ದಾರೋ ನಿಂತಿದ್ದಾರೋ ಗೊತ್ತಾಗುವುದಿಲ್ಲ. ಮೂರರಲ್ಲೂ ಅದೇ ಥ್ರೆಡ್ ಅದೇ ಸಾಲಿನಲ್ಲಿ ಇದ್ದರೆ ಅದು ಬಹುಶಃ ಸಿಕ್ಕಿಹಾಕಿಕೊಂಡಿದೆ ಅಂತ ಅರ್ಥ. ಎಲ್ಲಾ ಥ್ರೆಡ್‌ಗಳೂ ಬೇರೆ ಸರ್ವಿಸ್‌ಗೆ ಕರೆ ಮಾಡುವ ಅಪಾಚೆ ಎಚ್‌ಟಿಟಿಪಿ ಕ್ಲೈಂಟ್‌ನ ಕನೆಕ್ಷನ್ ಪೂಲ್, ಅಂದರೆ ಹಂಚಿಕೊಳ್ಳುವ ಕನೆಕ್ಷನ್‌ಗಳ ಗುಂಪಿನ, ಬಾಗಿಲಲ್ಲಿ ಕಾಯುತ್ತಾ ನಿಂತಿದ್ದವು. ಹ್ಯಾಂಡ್ಲರ್ ಒಳಗಿಂದ ಇನ್ನೊಂದು ಸರ್ವಿಸ್‌ಗೆ ಕರೆ ಹೋಗುತ್ತಿತ್ತು. ಆ ಕ್ಲೈಂಟ್‌ನ 4ನೇ ಆವೃತ್ತಿಯ ಪೂಲ್‌ನಲ್ಲಿ, ನೀವಾಗಿ ಏನೂ ಹೇಳದಿದ್ದರೆ, ಒಂದು ವಿಳಾಸಕ್ಕೆ ಇರುವುದು ಎರಡೇ ಕನೆಕ್ಷನ್, ಒಟ್ಟು 20. ರಾತ್ರಿ ಹತ್ತೂವರೆಗೆ ಆ ಸರ್ವಿಸ್‌ನ ಒಂದು ಬ್ಯಾಚ್ ಕೆಲಸ ಶುರುವಾಗಿ ಎರರ್ ಕಳಿಸುತ್ತಿತ್ತು. ಎರರ್ ಬಂದಾಗ ನಮ್ಮ ಕೋಡ್ ರೆಸ್ಪಾನ್ಸ್ ಮುಚ್ಚುತ್ತಿರಲಿಲ್ಲ. ಮುಚ್ಚದಿದ್ದರೆ ಕನೆಕ್ಷನ್ ಪೂಲ್‌ಗೆ ಮರಳುವುದಿಲ್ಲ. ಎರಡು ಎರರ್ ಆದರೆ ಎರಡೂ ಕನೆಕ್ಷನ್ ಹೋದವು. ಮೂರನೆಯವರಿಂದ ಹಿಡಿದು ಎಲ್ಲರೂ ಕ್ಯೂ. ಟೈಮ್‌ಔಟ್ ಕೂಡ ಹಾಕಿರಲಿಲ್ಲ, ಹಾಗಾಗಿ ಆ ಕ್ಯೂಗೆ ಕೊನೆಯೇ ಇಲ್ಲ. ಜಾವಾದ ಎಚ್‌ಟಿಟಿಪಿಯುಆರ್‌ಎಲ್‌ಕನೆಕ್ಷನ್‌ನಲ್ಲೂ ಟೈಮ್‌ಔಟ್ ಸೊನ್ನೆ ಅಂದರೆ ಎಷ್ಟು ಹೊತ್ತಾದರೂ ಕಾಯಿ ಅಂತಲೇ ಅರ್ಥ. ಮೂರು ಡಂಪ್, ಅರ್ಧ ಗಂಟೆ, ಕಾರಣ ಸಿಕ್ಕಿತು. ಹುಡುಕಿದ್ದು ಅವರೇ, ನಾನು ಸುಮ್ನೆ ಪಕ್ಕದಲ್ಲಿ ಕೂತಿದ್ದೆ. ಅವರು ಇವತ್ತು ಎರಡನೇ ಸಾಲಿನಲ್ಲಿ ಕೂತಿದ್ದಾರೆ. ಒಂದು ಚಪ್ಪಾಳೆ ಕೊಡಿ.

ಹತ್ತು ನಿಮಿಷ ಇದೆ ಅಂತ ಸನ್ನೆ ಮಾಡುತ್ತಿದ್ದಾರೆ. ಲೋಡ್ ಆಗುವಾಗಲೇ ಬೀಳುವ ತೊಂದರೆಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ.

ಸ್ಟ್ಯಾಕ್ ಟ್ರೇಸ್, ಅಂದರೆ ದೋಷ ಎಲ್ಲೆಲ್ಲಿ ಹಾದು ಬಂತು ಅನ್ನುವ ಪಟ್ಟಿ, ಬಂದರೆ ಕೆಳಗಿನಿಂದ ಓದಿ. ಕೊನೆಯ 'ಕಾಸ್ಡ್ ಬೈ' ಸಾಲು ಎಲ್ಲಿದೆ ನೋಡಿ. ಮೇಲಿನ ಸಾಲುಗಳು ಗೇಟ್‌ವೇಯ ಗೋಳು, ಮೂಲ ತಳದಲ್ಲಿ ಇರುತ್ತದೆ. ಅಪಿಜಿಯಲ್ಲಿ ಕ್ಲಾಸ್ ಶುರುವಾಗಲಿಲ್ಲ ಅಂದರೆ ಜಾವಾಕಾಲ್‌ಔಟ್‌ಇನ್‌ಸ್ಟಾನ್ಶಿಯೇಶನ್‌ಫೇಲ್ಡ್ ಅಂತ ಬರುತ್ತದೆ, ಓಡುವಾಗ ಬಿದ್ದರೆ ಎಕ್ಸಿಕ್ಯೂಶನ್‌ಎರರ್ ಅಂತ ಬರುತ್ತದೆ. ಇವು ಬಾಗಿಲ ಮೇಲಿನ ಬೋರ್ಡ್ ಮಾತ್ರ. ಒಳಗಿನ ಕಾರಣ ಬೇಕಾದರೆ ನೀವೇ ಎಕ್ಸೆಪ್ಷನ್ ಹಿಡಿದು, ಅದರ ಸ್ಟ್ಯಾಕ್ ಟ್ರೇಸನ್ನು ಒಂದು ಫ್ಲೋ ವೇರಿಯಬಲ್‌ಗೆ ಹಾಕಿ, ಡಿಬಗ್ ಸೆಷನ್‌ನಲ್ಲಿ ಓದಬೇಕು.

ಅನ್‌ಸಪೋರ್ಟೆಡ್ ಕ್ಲಾಸ್ ವರ್ಷನ್ ಅಂತ ಬಂದರೆ ಹೆದರಬೇಡಿ, ಅದರಲ್ಲೇ ನಂಬರ್ ಇರುತ್ತದೆ. 52 ಅಂದರೆ ಜಾವಾ 8, 55 ಅಂದರೆ 11, 61 ಅಂದರೆ 17. ನೀವು 17ರಲ್ಲಿ ಕಂಪೈಲ್ ಮಾಡಿದ್ದೀರಿ, ಗೇಟ್‌ವೇ 11ರಲ್ಲಿ ಓಡುತ್ತಿದೆ, ಅಷ್ಟೇ. ಬಿಲ್ಡ್‌ನಲ್ಲಿ ರಿಲೀಸ್ 11 ಅಂತ ಹಾಕಿ. ಇದಕ್ಕೆ ಅಣ್ಣ ಒಬ್ಬ ಇದ್ದಾನೆ. ಜಾವಾ 8ರಲ್ಲಿ ಚೆನ್ನಾಗಿ ಓಡುತ್ತಿದ್ದದ್ದು 11ಕ್ಕೆ ಹೋದ ಕೂಡಲೇ ಡೇಟಾಟೈಪ್‌ಕನ್ವರ್ಟರ್ ಸಿಗುತ್ತಿಲ್ಲ ಅನ್ನುತ್ತದೆ. 11ರಲ್ಲಿ ಆ ಕ್ಲಾಸ್ ಇದ್ದ ಜಾಕ್ಸ್‌ಬಿ ಲೈಬ್ರರಿಯನ್ನು ಜೆಡಿಕೆಯಿಂದಲೇ, ಅಂದರೆ ಜಾವಾ ಜೊತೆ ಬರುವ ಕಟ್ಟಿನಿಂದಲೇ, ತೆಗೆದುಹಾಕಿದರು. ಆ ಕ್ಲಾಸನ್ನು ಬೇಸ್64 ಎನ್‌ಕೋಡಿಂಗ್‌ಗೆ ಬಳಸುತ್ತಿದ್ದರೆ, ಜಾವಾ 8ರಿಂದ ಇರುವ ಬೇಸ್64 ಕ್ಲಾಸ್ ಬಳಸಿ.

ನೋಸಚ್‌ಮೆಥಡ್‌ಎರರ್ ಸ್ವಲ್ಪ ಕಳ್ಳ. ಕ್ಲಾಸ್ ಸಿಕ್ಕಿದೆ, ಆದರೆ ಬಹುತೇಕ ಸಲ ನಿಮ್ಮ ಜಾರ್‌ನಿಂದ (ಕ್ಲಾಸ್‌ಗಳನ್ನು ಕಟ್ಟಿದ ಗಂಟಿನಿಂದ) ಬಂದಿರುವುದಿಲ್ಲ. ಗೇಟ್‌ವೇ ಮನೆಯಲ್ಲಿ ಆಗಲೇ ಇದ್ದ ಜ್ಯಾಕ್ಸನ್ನೋ ಗ್ವಾವಾನೋ ಅನ್ನುವ ಹಳೆಯ ಲೈಬ್ರರಿ ಮುಂದೆ ಬಂದು ನಿಂತಿದೆ. ಎಲ್ಲಿಂದ ಬಂತು ಅಂತ ಊಹಿಸಬೇಡಿ, ಕೇಳಿ. ಜಾವಾ ಓಡಿಸುವ ಜೆವಿಎಂಗೆ ವರ್ಬೋಸ್ ಕ್ಲಾಸ್ ಅಂತ ಕೊಟ್ಟರೆ ಪ್ರತಿ ಕ್ಲಾಸ್ ಯಾವ ಜಾರ್‌ನಿಂದ ಬಂತು ಅಂತ ಬರೆಯುತ್ತದೆ. ನೋಡಿ, ಮತ್ತೆ ಅದೇ ಮಾತಿಗೆ ಬಂದೆ. ಸಾಕ್ಷಿ ಅಲ್ಲೇ ಇರುತ್ತದೆ, ಕೇಳುವವರು ಬೇಕು. ಗೇಟ್‌ವೇ ಕೊಡುವ ಜಾರ್‌ಗಳನ್ನು ಬಿಲ್ಡ್ ಮಾಡುವ ಮೇವನ್‌ನಲ್ಲಿ ಪ್ರೊವೈಡೆಡ್ ಅಂತ ಗುರುತು ಹಾಕಿ. ನಿಮ್ಮದೇ ಆವೃತ್ತಿ ಬೇಕೇಬೇಕು ಅಂದರೆ ಶೇಡ್ ಪ್ಲಗಿನ್‌ನಿಂದ ಪ್ಯಾಕೇಜ್ ಹೆಸರು ಬದಲಿಸಿಕೊಂಡು ಒಯ್ಯಿರಿ.

ಹ್ಯಾಂಡ್ಲರ್‌ಗೆ ಬಾಡಿ ಖಾಲಿ ಬರುವ ತೊಂದರೆ ಇನ್ನೊಂದು. ಡಬ್ಲ್ಯೂಎಸ್‌ಒ2ನ ಪಾಸ್‌ಥ್ರೂ ಬಾಡಿಯನ್ನು ತಾನು ತೆರೆದು ಓದುವುದಿಲ್ಲ, ಹಾಗೇ ದಾಟಿಸುತ್ತದೆ. ಹ್ಯಾಂಡ್ಲರ್‌ನಲ್ಲಿ ಬಾಡಿ ಬೇಕಾದರೆ ಮೊದಲು ಮೆಸೇಜ್ ಬಿಲ್ಡ್ ಮಾಡಬೇಕು, ಅಂದರೆ ಬಾಡಿಯನ್ನು ತೆರೆದು ಓದಿಸಬೇಕು. ಇಷ್ಟು ನೆನಪಿಟ್ಟುಕೊಳ್ಳಿ. ಸ್ಪ್ರಿಂಗ್‌ನ ಫಿಲ್ಟರ್ ಒಳಗೆ ಬ್ಲಾಕ್ ಮಾಡಬಾರದು ಅನ್ನುವುದಕ್ಕೆ ಆರು ಸ್ಲೈಡ್ ಮಾಡಿಕೊಂಡು ಬಂದಿದ್ದೆ, ಅದನ್ನು ಬಿಡುತ್ತೇನೆ. ಅಲ್ಲಿ ನಾಲ್ಕೆಂಟು ನೆಟಿ ಥ್ರೆಡ್‌ಗಳೇ ಎಲ್ಲರನ್ನೂ ನೋಡಿಕೊಳ್ಳುತ್ತವೆ, ಒಂದನ್ನು ಹಿಡಿದು ನಿಲ್ಲಿಸಿದರೆ ಅದರ ಪಾಲಿನ ಜನವೆಲ್ಲ ನಿಲ್ಲುತ್ತಾರೆ.

ಸಮಯ ಆಯಿತು ಅನ್ನುತ್ತಿದ್ದಾರೆ. ಒಂದು ನಿಮಿಷ.

ಆ ಹುಬ್ಬಳ್ಳಿಯ ಹುಡುಗ ನನ್ನ ಮೇಲ್‌ಗೆ ಉತ್ತರ ಬರೆದಿದ್ದ. ಬೇಸರದ ಒಂದು ಮಾತೂ ಇರಲಿಲ್ಲ. ಈ ತಪ್ಪನ್ನು ನೀವು ಟೆಸ್ಟಿಂಗ್‌ನಲ್ಲಿ ಹೇಗೆ ಹಿಡಿಯುತ್ತೀರಿ, ನಮ್ಮ ಕಡೆಯೂ ಒಂದು ಮ್ಯಾಕ್ ಫೀಲ್ಡ್ ಇದೆ, ಆ ಟೆಸ್ಟ್ ಕೋಡ್ ಕಳಿಸುತ್ತೀರಾ ಅಂತ ಕೇಳಿದ್ದ. ನಮ್ಮ ಹತ್ತಿರ ಟೆಸ್ಟ್ ಇರಲಿಲ್ಲ. ಅವನು ಕೇಳಿದ ಮೇಲೆ ಕೂತು ಬರೆದೆ. 20 ಥ್ರೆಡ್‌ಗಳನ್ನು ಲ್ಯಾಚ್ ಅನ್ನುವ ಒಂದು ತಡೆಬಾಗಿಲ ಹಿಂದೆ ಸಾಲಾಗಿ ನಿಲ್ಲಿಸುವುದು, ಒಟ್ಟಿಗೆ ಬಿಡುವುದು, ಪ್ರತಿಯೊಂದಕ್ಕೂ ಬೇರೆ ಬಾಡಿ, ಪ್ರತಿಯೊಂದಕ್ಕೂ ಸರಿಯಾದ ಸಹಿ. ಹಳೆಯ ಹ್ಯಾಂಡ್ಲರ್‌ಗೆ ಅದನ್ನು ಓಡಿಸಿದರೆ ಕಣ್ಣೆದುರೇ ಖಾಲಿ ತಟ್ಟೆ ಬರುತ್ತದೆ. ಹಳೆಯ ಹ್ಯಾಂಡ್ಲರ್, ಹೊಸದು, ಆ ಟೆಸ್ಟ್, ಮೂರೂ ನನ್ನ ಲ್ಯಾಪ್‌ಟಾಪ್‌ನಲ್ಲಿವೆ. ಹಿಂದಿನ ಬಾಗಿಲ ಹತ್ತಿರ ಕಾಫಿ ಇಟ್ಟಿದ್ದಾರಂತೆ, ಅಲ್ಲೇ ಒಂದು ಮೇಜಿನ ಮೇಲೆ ತೆರೆದಿಟ್ಟುಕೊಂಡು ಕೂತಿರುತ್ತೇನೆ. ಬನ್ನಿ, ಓಡಿಸಿ ನೋಡೋಣ.